ಕಾಂಟೆಸ್ಸಾ ರಿಪೇರಿ: ಮೊದಲು ತಗಡು, ಎಂಜಿನ್ ಆಮೇಲೆ

ಭಾರತದ ಮಸಲ್ ಕಾರ್ ಅಂದರೆ ಕಾಂಟೆಸ್ಸಾ ಎಂದು ಹೆಸರು ಬಿದ್ದುಬಿಟ್ಟಿದೆ. ಉದ್ದ ಮೂತಿ, ಅಗಲ ಮೈ, ಹಿಂದಿನ ಚಕ್ರಕ್ಕೆ ಡ್ರೈವ್, ಅಷ್ಟಕ್ಕೇ ಬಂದ ಹೆಸರು ಅದು. 1984ರಲ್ಲಿ ಬಂದಾಗ ಬಾನೆಟ್ ಅಡಿ ಇದ್ದದ್ದು ಅಂಬಾಸಿಡರಿನದೇ 1489 ಸಿಸಿ ಎಂಜಿನ್, ಶಕ್ತಿ 50 ಎಚ್‌ಪಿ ಆಸುಪಾಸು. ಬಾಡಿ ಮಾತ್ರ ಇಂಗ್ಲೆಂಡಿನ ವಾಕ್ಸ್‌ಹಾಲ್ ಮೂಲದ್ದು. ಮುಂದೆ ಜಪಾನಿನ ಇಸುಝು ಕಂಪನಿಯ 1.8 ಲೀಟರ್ ಎಂಜಿನ್ನೂ 5 ಗೇರೂ ಬಂದು 'ಕ್ಲಾಸಿಕ್' ಆದಾಗಲೇ ಆ ಮೈಕಟ್ಟಿಗೆ ತಕ್ಕ ದಮ್ಮು ಸಿಕ್ಕಿದ್ದು. 2002ರಲ್ಲಿ ತಯಾರಿಕೆ ನಿಂತಿತು.

ಯಾವುದಕ್ಕೆ ದುಡ್ಡು ಹಾಕಬೇಕು ಅನ್ನುವುದು ಇಲ್ಲೇ ತೀರ್ಮಾನವಾಗುತ್ತದೆ. ಹಳೆ ಎಂಜಿನ್ ಅಂಬಾಸಿಡರಿನದು, ಇಸುಝು 1.8 ಕೂಡ ಆಮೇಲೆ ಅಂಬಾಸಿಡರಿಗೆ ಹೋಯಿತು. ಹಾಗಾಗಿ ಪಿಸ್ಟನ್, ರಿಂಗ್, ಬೇರಿಂಗ್, ಗ್ಯಾಸ್ಕೆಟ್ ಬೇಕೆಂದರೆ ಬೆಂಗಳೂರಿನ ಜೆಸಿ ರಸ್ತೆ, ಕಲಾಸಿಪಾಳ್ಯದ ಅಂಗಡಿಗಳಲ್ಲಿ ಅಂಬಾಸಿಡರ್ ಹೆಸರಿನಲ್ಲಿ ಕೇಳಿ. ಆದರೆ ಗ್ರಿಲ್, ಹಿಂದಿನ ಲ್ಯಾಂಪು, ಮುಂದಿನ ಗಾಜು, ಅದರ ರಬ್ಬರ್ ಬೀಡಿಂಗ್, ಬಾಗಿಲಿನ ಹಿಡಿ, ಬಂಪರ್, ಇವು ಕಾಂಟೆಸ್ಸಾಕ್ಕೇ ಮೀಸಲು. ಶಿವಾಜಿನಗರದ ಗುಜರಿಯಲ್ಲಿ ಅದೃಷ್ಟವಿದ್ದರೆ ಉಂಟು, ಇಲ್ಲದಿದ್ದರೆ ತಿಂಗಳುಗಟ್ಟಲೆ ಕಾಯಬೇಕು. 'ಎಂಜಿನ್ ಒಂದೇ ಏಟಿಗೆ ಸ್ಟಾರ್ಟ್ ಸಾರ್' ಅನ್ನುವ, ಗಾಜು ಒಡೆದ ಕಾರಿಗಿಂತ, ಎಂಜಿನ್ ಜಾಮ್ ಆಗಿದ್ದರೂ ಗಾಜು, ಲ್ಯಾಂಪು, ಗ್ರಿಲ್ ಪೂರ್ತಿ ಇರುವ ಕಾರೇ ವಾಸಿ.

ಕೊಳ್ಳುವ ಮೊದಲು ಆರ್‌ಸಿಯಲ್ಲಿರುವ ಎಂಜಿನ್ ನಂಬರನ್ನು ಬ್ಲಾಕಿನ ಮೇಲಿನದಕ್ಕೆ ತಾಳೆ ಹಾಕಿ. ಹಳೆ ಎಂಜಿನ್ ತೆಗೆದು ಇಸುಝು ಕೂರಿಸಿರುವ ಕಾರುಗಳಿವೆ. ಆ ಬದಲಾವಣೆ ಆರ್‌ಸಿಗೆ ಏರದಿದ್ದರೆ ನವೀಕರಣದ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ. 15 ವರ್ಷ ದಾಟಿದ ಕಾರಿಗೆ ಈ ನವೀಕರಣ 5 ವರ್ಷಕ್ಕೊಮ್ಮೆ ಬರುತ್ತದೆ. ಬಣ್ಣ ಬದಲಿಸಿದರೂ ಆರ್‌ಸಿಯಲ್ಲಿ ತಿದ್ದಿಸಬೇಕು.

ಈಗ ತುಕ್ಕಿನ ವಿಚಾರ. ಕಾಂಟೆಸ್ಸಾಕ್ಕೆ ಜೀಪಿನಂತೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಸಿಲ್, ಫ್ಲೋರ್, ಸಸ್ಪೆನ್ಷನ್ ಕೂರುವ ಜಾಗ, ಇವು ಕೊಳೆತರೆ ಕಾರಿನ ಬೆನ್ನೆಲುಬೇ ಹೋದಂತೆ. ತೆಳು ಬಟ್ಟೆ ಸುತ್ತಿದ ಸಣ್ಣ ಆಯಸ್ಕಾಂತವನ್ನು ಸಿಲ್, ವೀಲ್ ಆರ್ಚ್, ಬಾಗಿಲ ಕೆಳಅಂಚಿನ ಮೇಲೆ ಆಡಿಸಿ. ಅಂಟದ ಕಡೆ ಒಳಗಿರುವುದು ಪುಟ್ಟಿ, ಅಂದರೆ ತಗ್ಗು ತುಂಬುವ ಪೇಸ್ಟು. ಮ್ಯಾಟ್ ಎತ್ತಿ ಫ್ಲೋರನ್ನು ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ಬ್ಯಾಟರಿ ತಟ್ಟೆಯ ಅಡಿ, ಮುಂದಿನ ಗಾಜಿನ ಕೆಳಮೂಲೆ, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿ, ಈ ಮೂರನ್ನು ಮಾರುವವರು ತಾವಾಗಿ ತೋರಿಸುವುದಿಲ್ಲ. ಬಾಗಿಲ ಕೆಳಗಿನ ಸಣ್ಣ ತೂತುಗಳು ಮಣ್ಣು ಕಟ್ಟಿ ಮುಚ್ಚಿದ್ದರೆ ಮಳೆನೀರು ಒಳಗೇ ನಿಂತು ಬಾಗಿಲು ಒಳಗಿನಿಂದ ಹೊರಕ್ಕೆ ಕೊಳೆಯುತ್ತದೆ.

ಜಾಗ ಎಷ್ಟು ಬೇಕು? ಕಾರಿನ ಉದ್ದ ಸುಮಾರು 15 ಅಡಿ, ಸುತ್ತ 3 ಅಡಿಯಾದರೂ ಓಡಾಡಲು ಬೇಕು. 30-40 ಸೈಟಿನ ಪೋರ್ಟಿಕೊದಲ್ಲಿ ಇದು ಕಷ್ಟವೇ, ಕಾಂಪೌಂಡ್ ಗೇಟು ಅಡ್ಡ ಬರುತ್ತದೆ. ಟೈಲ್ಸ್ ಹಾಕಿದ ನೆಲವಾದರೆ ಆಕ್ಸಲ್ ಸ್ಟ್ಯಾಂಡಿನ ಕೆಳಗೆ 18 ಮಿ.ಮೀ. ಪ್ಲೈವುಡ್ ತುಂಡು ಇಡಿ, ಇಲ್ಲದಿದ್ದರೆ ಟೈಲ್ಸ್ ಒಡೆದು ಸ್ಟ್ಯಾಂಡು ವಾಲುತ್ತದೆ. ಬರೀ ಜಾಕಿ ಮೇಲೆ ನಿಲ್ಲಿಸಿ ಕೆಳಗೆ ನುಗ್ಗುವುದಂತೂ ಬೇಡವೇ ಬೇಡ.

ಕೊಳೆತ ಸಿಲ್ ಕತ್ತರಿಸುವಾಗ ಆಗುವ ಎಡವಟ್ಟು ಹೆಚ್ಚಾಗಿ ಒಂದೇ: ಕಾರು ನಡುವಿನಲ್ಲಿ ಬಾಗಿ, ಹೊಸ ಸಿಲ್ ಕೂತ ಮೇಲೆ ಬಾಗಿಲು ಮುಚ್ಚುವುದಿಲ್ಲ. ಸ್ಟ್ಯಾಂಡುಗಳನ್ನು ಸಸ್ಪೆನ್ಷನ್ ಕೂರುವ ಗಟ್ಟಿ ಜಾಗದ ಹತ್ತಿರ ಕೊಡಿ. ಬಾಗಿಲ ಚೌಕಟ್ಟಿನೊಳಗೆ ಮುಂದಿನ ಕಂಬದಿಂದ ನಡುಕಂಬಕ್ಕೆ, ಅಲ್ಲಿಂದ ಹಿಂದಕ್ಕೆ 25 ಮಿ.ಮೀ. ಚೌಕ ಪೈಪನ್ನು ವೆಲ್ಡ್ ಮಾಡಿ. ಚೌಕಟ್ಟಿನ ಕರ್ಣದ ಅಳತೆ ಬರೆದಿಟ್ಟುಕೊಂಡ ಮೇಲೆಯೇ ಗ್ರೈಂಡರ್ ಹಿಡಿಯಿರಿ. ಒಂದು ಬದಿ ಪೂರ್ತಿ ಮುಗಿಯುವವರೆಗೆ ಇನ್ನೊಂದನ್ನು ಮುಟ್ಟಬೇಡಿ. ಹೊಸ ತುಂಡನ್ನು ಅಲ್ಲಲ್ಲಿ ಚುಕ್ಕಿ ವೆಲ್ಡ್ ಇಟ್ಟು ಟ್ಯಾಕ್ ಮಾಡಿ, ಪೈಪ್ ಬಿಚ್ಚುವ ಮೊದಲೇ ಅಳತೆ ಮತ್ತೆ ತಾಳೆ ನೋಡಿ. ಆಮೇಲೆ ಪೈಪ್ ತೆಗೆದು ಬಾಗಿಲು ತೂಗಿಸಿ, ಸಂದು ಮೇಲಿನಿಂದ ಕೆಳಗೆ ಒಂದೇ ಸಮ ಇದ್ದರೆ ಪೂರ್ತಿ ವೆಲ್ಡಿಂಗ್.

ಫ್ಲೋರ್, ಸಿಲ್‌ಗೆ 18 ಗೇಜ್, ಹೊರ ಪ್ಯಾನೆಲಿಗೆ 20 ಗೇಜ್ ಸಿಆರ್ (ಕೋಲ್ಡ್ ರೋಲ್ಡ್) ಶೀಟ್ ಸಾಕು. ಸತು ಲೇಪಿಸಿದ ಜಿಐ ಶೀಟ್ 'ತುಕ್ಕು ಹಿಡಿಯಲ್ಲ' ಎಂದು ಟಿಂಕರ್ ಹೇಳಿದರೂ ಒಪ್ಪಬೇಡಿ. ಅದರ ಸತು ಉರಿದು ವಿಷದ ಹೊಗೆ ಬರುತ್ತದೆ, ವೆಲ್ಡಿನಲ್ಲಿ ತೂತು ಬೀಳುತ್ತದೆ. ನೇರ ಮಡಿಕೆಗಳನ್ನು ಪೀಣ್ಯದ ಬೆಂಡಿಂಗ್ ಅಂಗಡಿಯಲ್ಲಿ ಮಾಡಿಸಿದರೆ ಸುತ್ತಿಗೆ ಕೆಲಸ ತಪ್ಪುತ್ತದೆ. ವೆಲ್ಡಿಂಗ್ ಸಿ-ಒ-ಟು (ಮಿಗ್) ಆಗಲಿ, ತಂತಿ 0.8 ಮಿ.ಮೀ. ಗ್ಯಾಸ್ ವೆಲ್ಡಿಂಗಿನ ಶಾಖಕ್ಕೆ ಚಪ್ಪಟೆ ತಗಡು ಅಲೆ ಏಳುತ್ತದೆ. ಒಂದೇ ಎಳೆತಕ್ಕೆ ಉದ್ದ ಗೆರೆ ಎಳೆಯದೆ 10-15 ಮಿ.ಮೀ. ಹಾಕಿ ದೂರದ ಇನ್ನೊಂದು ಜಾಗಕ್ಕೆ ಹೋಗಿ, ಆರಿದ ಮೇಲೆ ವಾಪಸು ಬನ್ನಿ. ಒಂದರ ಮೇಲೊಂದು ತಗಡು ಕೂರುವ ಕಡೆ ಮೇಲಿನದಕ್ಕೆ 8 ಮಿ.ಮೀ. ತೂತು ಕೊರೆದು ವೆಲ್ಡಿನಿಂದ ತುಂಬಿಸಿ. ಬ್ಯಾಟರಿ, ಪೆಟ್ರೋಲ್ ಟ್ಯಾಂಕ್ ಎರಡೂ ಕಾರಿನಿಂದ ಹೊರಗಿರಬೇಕು. ಟ್ಯಾಂಕನ್ನು ಮಾತ್ರ, ಖಾಲಿ ಆಗಿ ವರ್ಷವಾಗಿದ್ದರೂ, ಮನೆಯಲ್ಲಿ ವೆಲ್ಡ್ ಮಾಡಬೇಡಿ. ಉಳಿದ ಆವಿಯೇ ಸಿಡಿಯಲು ಸಾಕು.

ಬಾನೆಟ್, ರೂಫ್‌ಗೆ ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಿದರೆ ತಗಡು ಹಿಗ್ಗಿ ಡೊಂಕಾಗುತ್ತದೆ, ಅಲ್ಲಿ ಪೇಂಟ್ ರಿಮೂವರ್ ಸಾಕು. ತುಕ್ಕಿಗೆ ಫಾಸ್ಫಾರಿಕ್ ಆಸಿಡ್ ಹಚ್ಚಿದ್ದರೆ ಚೆನ್ನಾಗಿ ತೊಳೆದು ಅವತ್ತೇ ಒಣಗಿಸಿ. ಆಸಿಡ್ ಉಳಿದರೆ ಎಪಾಕ್ಸಿ ಪ್ರೈಮರ್ ಸಿಪ್ಪೆಯಾಗಿ ಏಳುತ್ತದೆ. ಬರೀ ಲೋಹದ ಮೇಲೆ ಮೊದಲು 2ಕೆ (ಹಾರ್ಡ್ನರ್ ಬೆರೆಸುವ) ಎಪಾಕ್ಸಿ ಪ್ರೈಮರ್, ಅದರ ಮೇಲೆ ಪುಟ್ಟಿ. 100 ಗ್ರಾಂ ಪುಟ್ಟಿಗೆ ಹಾರ್ಡ್ನರ್ 2 ಗ್ರಾಂ. ಬೇಗ ಆರಲಿ ಎಂದು ಜಾಸ್ತಿ ಹಾಕಿದರೆ ಅದು ಬಣ್ಣದ ಮೂಲಕ ಮೇಲೆದ್ದು ಹಳದಿ ಕಲೆ ಕೊಡುತ್ತದೆ, ಬಿಳಿ ಕಾರಿನಲ್ಲಂತೂ ಎದ್ದು ಕಾಣುತ್ತದೆ. ದಪ್ಪ 2-3 ಮಿ.ಮೀ. ಮೀರಬಾರದು. ಪುಟ್ಟಿಯನ್ನು ನೀರು ಹಾಕಿ ಉಜ್ಜುವ ಅಭ್ಯಾಸ ನಮ್ಮ ಊರಿನ ಗ್ಯಾರೇಜುಗಳಲ್ಲಿ ಇನ್ನೂ ಹೋಗಿಲ್ಲ. ಪುಟ್ಟಿ ನೀರು ಕುಡಿಯುತ್ತದೆ, ಬಿಸಿಲಿಗೆ ನಿಂತಾಗ ಪೇಂಟಿನಡಿ ಗುಳ್ಳೆ ಏಳುತ್ತದೆ. 80, 180, 320 ನಂಬರ್ ಕಾಗದದಲ್ಲಿ ಒಣದಾಗಿಯೇ ಉಜ್ಜಿ, ನೀರು ಹಾಕಿ ಉಜ್ಜುವುದು ಪ್ರೈಮರ್ ಬಿದ್ದ ಮೇಲೆ. ಈ ಕೆಲಸವೆಲ್ಲ ಜನವರಿಯಿಂದ ಏಪ್ರಿಲ್ ಒಳಗೆ ಆದರೆ ಒಳ್ಳೆಯದು. ಬೆಂಗಳೂರಿನ ಮಳೆ ಮೇ ತಿಂಗಳಿಗೇ ಶುರುವಾಗಿ ಅಕ್ಟೋಬರ್‌ವರೆಗೂ ಬಿಡುವುದಿಲ್ಲ.

ಕೊನೆಯ ಪೇಂಟ್ ಬೂತ್ ಇರುವಲ್ಲೇ ಆಗಲಿ. 2ಕೆ ಪೇಂಟಿನ ಹಾರ್ಡ್ನರಿನಲ್ಲಿ ಶ್ವಾಸಕೋಶ ಕೆಡಿಸುವ ಐಸೊಸಯನೇಟ್ ಇರುತ್ತದೆ, ಬಟ್ಟೆ ಮಾಸ್ಕ್ ತಡೆಯುವುದಿಲ್ಲ, ಪಕ್ಕದ ಮನೆಗೂ ಹೋಗುತ್ತದೆ. ಪೇಂಟ್ ಆದ ಮೇಲೆ ಸಿಲ್ ಒಳಗೆ ತುಕ್ಕು ತಡೆಯುವ ಕ್ಯಾವಿಟಿ ವ್ಯಾಕ್ಸ್ ಸಿಂಪಡಿಸಿ.

ಎಂಜಿನ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಬಲ್ಲ ಮೇಸ್ತ್ರಿಗಳು ಇನ್ನೂ ಸಿಗುತ್ತಾರೆ. ವರ್ಷಗಟ್ಟಲೆ ನಿಂತದ್ದಾದರೆ ಸೆಲ್ಫ್ ಹೊಡೆಯಬೇಡಿ. ಪ್ಲಗ್ ಕಳಚಿ ಪ್ರತಿ ಸಿಲಿಂಡರಿಗೆ 10-15 ಮಿ.ಲೀ. ಎಂಜಿನ್ ಆಯಿಲ್ ಬಿಟ್ಟು, ಮರುದಿನ ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಸಾಕೆಟ್ ಹಾಕಿ ಕೈಯಲ್ಲೇ ತಿರುಗಿಸಿ. ರೇಡಿಯೇಟರಿಗೆ ಬೋರ್‌ವೆಲ್ ನೀರು ಬೇಡ, ಗಡಸು ನೀರಿನ ಸುಣ್ಣ ಕೊಳವೆಯಲ್ಲಿ ಕಟ್ಟಿ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಕುದಿಯುತ್ತದೆ. ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ನೀರು ಅರ್ಧ. ಬ್ರೇಕಿನ ಎಲ್ಲ ರಬ್ಬರ್ ಹೋಸ್, ವೀಲ್ ಸಿಲಿಂಡರ್ ಕಿಟ್ ಹೊಸದು ಹಾಕಿ, ಗಾಳಿ ತೆಗೆಯುವುದನ್ನು ಹಿಂದಿನ ಎಡ ಚಕ್ರದಿಂದ ಶುರು ಮಾಡಿ. ಹೆಡ್‌ಲೈಟಿಗೆ ರಿಲೇ ಬೇಕೇ ಬೇಕು. 55 ವ್ಯಾಟಿನ ಎರಡು ಬಲ್ಬು ಅಂದರೆ 9 ಆಂಪ್ಸ್ ದಾಟುತ್ತದೆ, ಹಳೆ ಸ್ವಿಚ್ಚು ಕರಗುತ್ತದೆ. ರಿಲೇ, 2.5 ಚದರ ಮಿ.ಮೀ. ವೈರು, 15 ಆಂಪ್ಸ್ ಫ್ಯೂಸು ಎಲ್ಲ ಎಸ್‌ಪಿ ರಸ್ತೆಯಲ್ಲಿ ಸಿಗುತ್ತವೆ.

ಇನ್ನು ಇವತ್ತಿನ ತಲೆನೋವು, ಶೇ. 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್. ಎಥನಾಲ್ ಹಳೆ ರಬ್ಬರನ್ನು ಉಬ್ಬಿಸಿ ಬಿರುಕು ಬಿಡಿಸುತ್ತದೆ, ನೀರನ್ನೂ ಎಳೆದುಕೊಳ್ಳುತ್ತದೆ. ಪೆಟ್ರೋಲ್ ಹೋಸನ್ನು ಎಸ್ಎಇ ಜೆ30 ಆರ್9 ಎಂದು ಬರೆದಿರುವುದಕ್ಕೆ ಬದಲಿಸಿ, ಪೆಟ್ರೋಲ್ ಪಂಪಿನ ಡಯಾಫ್ರಮ್ಮನ್ನೂ ಬಿಡಬೇಡಿ. ಕಾರ್ಬೊರೇಟರ್ ವಿಷಯದಲ್ಲಿ ಬೆಂಗಳೂರಿನದೇ ಒಂದು ಲೆಕ್ಕವಿದೆ. ಊರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ, ಗಾಳಿ ತೆಳು, ಮಂಗಳೂರಿನಲ್ಲಿ ಟ್ಯೂನ್ ಆದ ಕಾರು ಇಲ್ಲಿ ರಿಚ್, ಅಂದರೆ ಗಾಳಿಗಿಂತ ಪೆಟ್ರೋಲ್ ಹೆಚ್ಚಾಗಿ, ಓಡುತ್ತದೆ. ಇ20 ಅದನ್ನು ಲೀನ್ ಕಡೆ, ಅಂದರೆ ಗಾಳಿ ಹೆಚ್ಚಾಗುವ ಕಡೆ, ಎಳೆಯುತ್ತದೆ. ಎರಡೂ ಒಂದಿಷ್ಟು ಸರಿದೂಗುವುದರಿಂದ ಯಾರೋ ಹೇಳಿದರೆಂದು ಪೆಟ್ರೋಲ್ ಹಾಯುವ ತೂತಿನ ದೊಡ್ಡ ಜೆಟ್ ತರಲು ಓಡಬೇಡಿ. ಫ್ಲೋಟ್ ಮಟ್ಟ, ಮ್ಯಾನಿಫೋಲ್ಡ್ ಗಾಳಿ ಸೋರಿಕೆ, ಟೈಮಿಂಗ್ ಸರಿಮಾಡಿ, ತುಮಕೂರು ರಸ್ತೆಯಲ್ಲಿ ಟಾಪ್ ಗೇರಿನಲ್ಲಿ ಹದಿನೈದು ನಿಮಿಷ ಓಡಿಸಿ ಪ್ಲಗ್ ಕಳಚಿ. ತೆಳು ಕಂದು ಇದ್ದರೆ ಹಾಗೇ ಬಿಡಿ. ಬೆಳ್ಳಗೆ ಸುಟ್ಟಂತಿದ್ದರೆ ಮೇನ್ ಜೆಟ್ ಒಂದೇ ಅಳತೆ ಮೇಲಕ್ಕೆ ಹಾಕಿ ಮತ್ತೆ ಓಡಿಸಿ ನೋಡಿ, ಕಪ್ಪು ಮಸಿಯಿದ್ದರೆ ಒಂದು ಅಳತೆ ಕೆಳಕ್ಕೆ.