ಎರಡು ಲಕ್ಷದ ಗಿಟಾರಿನೊಳಗೆ ಏನಿದೆ

ಹೋದ ತಿಂಗಳು ಅಕ್ಕನ ಮಗ ಅಂಗಡಿಗೆ ಬಂದು ಮೊಬೈಲ್ ನನ್ನ ಮುಖದ ಮುಂದೆ ಹಿಡಿದ. "ಮಾಮ, ಇದನ್ನ ಇಎಂಐ ಮೇಲೆ ತಗೊಂಡ್ಬಿಡ್ಲಾ?" ಅಮೆರಿಕದಲ್ಲಿ ತಯಾರಾದ ಫೆಂಡರ್ ಸ್ಟ್ರಾಟೊಕಾಸ್ಟರ್, ಎಲ್ಲರ ಬಾಯಲ್ಲಿ ಸ್ಟ್ರಾಟ್ ಅನ್ನೋ ಎಲೆಕ್ಟ್ರಿಕ್ ಗಿಟಾರ್. ಹತ್ತಿರ ಹತ್ತಿರ ಎರಡು ಲಕ್ಷ. ಹುಡುಗ ಕೆಲಸಕ್ಕೆ ಸೇರಿ ಇನ್ನೂ ಏಳು ತಿಂಗಳು.

ತಕ್ಷಣ ಬೇಡ ಅನ್ನೋಕೆ ಬಾಯಿ ಬರಲಿಲ್ಲ. ಆ ಆಸೆ ಎಂಥದ್ದು ಅಂತ ನನಗೆ ಗೊತ್ತು. 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನಕ್ಕೆ ಬ್ರಿಟನ್ನಿನ ಹೆವಿ ಮೆಟಲ್ ತಂಡ ಐರನ್ ಮೇಡನ್ ಬಂದಾಗ ಆ ಜನಜಂಗುಳಿಯಲ್ಲಿ ನಾನೂ ಇದ್ದೆ. ಆಮೇಲೆ ಎಷ್ಟೋ ದಿನ ಕಣ್ಣು ಮುಚ್ಚಿದರೆ ಆ ತಂಡದ ಗಿಟಾರ್ ವಾದಕ ಡೇವ್ ಮರ್ರೆಯ ಸ್ಟ್ರಾಟೇ ಕಾಣ್ತಿತ್ತು.

ಕಾಮಾಕ್ಷಿಪಾಳ್ಯದಲ್ಲಿ ನಮ್ಮದು ಮೋಟಾರ್ ರೀವೈಂಡಿಂಗ್ ಅಂಗಡಿ, ಅಪ್ಪನ ಕಾಲದ್ದು. ಹಾಗಾಗಿ ಗಿಟಾರ್ ಕೈಗೆ ಸಿಕ್ಕರೆ ಬಿಚ್ಚಿ ಕಾಯಿಲ್ ನೋಡೋ ಅಭ್ಯಾಸ. ಗಿಟಾರಿನ ಸದ್ದು ಹಿಡಿಯೋ ಭಾಗ ಪಿಕಪ್. ಅದು ಅಂದರೆ ಆಯಸ್ಕಾಂತ, ಅದರ ಸುತ್ತ ಎನಾಮಲ್ ಬಳಿದ ತಾಮ್ರದ ತಂತಿ. ನಾವು ಪಂಪ್‌ಸೆಟ್ಟಿಗೆ ಸುತ್ತೋ ತಂತಿಯ ಪಕ್ಕ ಇಟ್ಟರೆ ಇದು ಕೂದಲಿನ ಹಾಗೆ: 42 ಗೇಜ್, ಸುಮಾರು 0.06 ಮಿಲಿಮೀಟರ್ ದಪ್ಪ, ಎಂಟು ಸಾವಿರದ ಆಸುಪಾಸು ಸುತ್ತು. ಮೇಲೆ ಉಕ್ಕಿನ ತಂತಿ ಅದುರಿದರೆ ಕಾಯಿಲ್‌ನಲ್ಲಿ ಒಂದಿಷ್ಟು ವೋಲ್ಟೇಜ್ ಹುಟ್ಟುತ್ತೆ. ಎರಡು ಲಕ್ಷದ್ದಕ್ಕೂ ಇಪ್ಪತ್ತು ಸಾವಿರದ್ದಕ್ಕೂ ಇದೇ ಲೆಕ್ಕ.

ಗೆಳೆಯನೊಬ್ಬ ಊರು ಬಿಟ್ಟು ಹೋಗುವಾಗ ತನ್ನ ಅಮೆರಿಕನ್ ಸ್ಟ್ರಾಟನ್ನು ಒಂದು ತಿಂಗಳು ನನ್ನ ಹತ್ತಿರ ಇಟ್ಟಿದ್ದ. ನನ್ನದು ಸ್ಕ್ವಾಯರ್, ಫೆಂಡರ್ ಕಂಪನಿಯೇ 1982ರಿಂದ ಕಡಿಮೆ ಬೆಲೆಗೆ ಮಾರುತ್ತಿರುವ ಬ್ರ್ಯಾಂಡ್. ಅವನನ್ನು ಕೇಳಿಯೇ ಎರಡನ್ನೂ ಬಿಚ್ಚಿದೆ. ಮಲ್ಟಿಮೀಟರಿನಲ್ಲಿ ಎರಡೂ ಆರು ಕಿಲೋ ಓಮ್ ಆಚೀಚೆ. ಅವನದರಲ್ಲಿ ಒಂದೊಂದು ತಂತಿಯ ಕೆಳಗೂ ಅಲ್ನಿಕೊ ಆಯಸ್ಕಾಂತದ ಕಡ್ಡಿ. ನನ್ನದರಲ್ಲಿ ಉಕ್ಕಿನ ಕಡ್ಡಿ, ಅಡಿಗೆ ಅಂಟಿಸಿದ ಸೆರಾಮಿಕ್ ಪಟ್ಟಿ. ಒಂದೇ ಆಂಪ್‌ಗೆ (ಸದ್ದು ದೊಡ್ಡದು ಮಾಡೋ ಪೆಟ್ಟಿಗೆ) ಹಾಕಿ, ನಾನು ಗೋಡೆ ಕಡೆ ತಿರುಗಿ ಕೂತು, ಹೆಂಡತಿ ಕೈಲಿ ಒಂದಾದ ಮೇಲೊಂದು ಮೀಟಿಸಿದೆ. ಹತ್ತು ಸಲದಲ್ಲಿ ಆರು ಸಲ ಸರಿಯಾಗಿ ಹೇಳಿದೆ. ಸದ್ದನ್ನು ಒರಟು ಮಾಡೋ ಡಿಸ್ಟಾರ್ಷನ್ ಹಾಕಿದ ಮೇಲೆ ಅದೂ ಆಗಲಿಲ್ಲ.

ಆದರೆ ಕೈಗೆ ತಗೊಂಡರೆ ಕಣ್ಣು ಮುಚ್ಚಿಯೂ ಹೇಳಬಲ್ಲೆ.

ಶಿವರಾತ್ರಿ ಕಳೆದ ಮೇಲೆ ಬೆಂಗಳೂರಿನ ಗಾಳಿ ಒಣಗುತ್ತೆ, ಅದರ ಜೊತೆ ಗಿಟಾರಿನ ಕತ್ತಿನ ಮರವೂ. ಮರ ಅಗಲದಲ್ಲಿ ಸಣ್ಣಗಾಗುತ್ತೆ, ಅದಕ್ಕೆ ಅಡ್ಡಡ್ಡ ಕೂರಿಸಿದ ಲೋಹದ ಪಟ್ಟಿ, ಅಂದರೆ ಫ್ರೆಟ್, ಸಣ್ಣಗಾಗಲ್ಲ. ಆಗ ಫ್ರೆಟ್‌ನ ತುದಿಗಳು ಅಂಚಿನಿಂದ ಆಚೆ ಚಾಚಿಕೊಳ್ಳುತ್ತವೆ. ನನ್ನ ಸ್ಕ್ವಾಯರಿನ ಅಂಚಿನ ಮೇಲೆ ಬೆರಳು ಎಳೆದರೆ ಗರಗಸದ ಹಲ್ಲು ಮುಟ್ಟಿದ ಹಾಗಿತ್ತು. ಗೆಳೆಯನದರ ಮೇಲೆ ಎಳೆದರೆ ಎಷ್ಟೋ ವರ್ಷ ಕೈಯಾಡಿದ ಹಳೇ ಮನೆಯ ಮೆಟ್ಟಿಲ ಕಟಕಟೆ. ಯಾರೋ ಒಬ್ಬರು ಕೂತು ಒಂದೊಂದು ತುದಿಯನ್ನೂ ದುಂಡಗೆ ತಿಕ್ಕಿದ್ದಾರೆ. ತಲೆ ಹತ್ತಿರ ತಂತಿಗಳು ಹಾದುಹೋಗೋ ಸಣ್ಣ ಪಟ್ಟಿ, ನಟ್‌ನಲ್ಲೂ ಹಾಗೇ. ನನ್ನದರಲ್ಲಿ ಮೂರನೇ ತಂತಿ ಬಗ್ಗಿಸಿ ಬಿಟ್ಟರೆ ಅದರ ಸೀಳಿನಲ್ಲಿ ಸಿಕ್ಕಿಕೊಂಡು ಟಿಂಗ್ ಅನ್ನೋದು, ಶ್ರುತಿ ಕೆಡೋದು. ಅವನದು ಹೋದ ದಾರಿಯಲ್ಲೇ ವಾಪಸ್ ಬರೋದು. ದುಡ್ಡಿಗೆ ಸಿಗೋದು ಈ ಕೈಕೆಲಸ, ಇದಕ್ಕೆ ಬೆಲೆ ಕೊಡಲೇಬೇಕು ಅಂತ ನಾನು ನಂಬ್ತೀನಿ. ಮಿಕ್ಕಿದ್ದರಲ್ಲಿ ಕ್ಯಾಲಿಫೋರ್ನಿಯಾದ ಕೂಲಿ ಇದೆ, ಹಡಗಿನ ಬಾಡಿಗೆ ಇದೆ, ಸುಂಕ ಇದೆ, ತಲೆಯ ಮೇಲಿನ ಆ ಹೆಸರೂ ಇದೆ.

ಮರದ ವಿಷಯ ಹೇಳದಿದ್ದರೆ ಮನಸ್ಸಿಗೆ ಸಮಾಧಾನ ಇಲ್ಲ. ಗೆಳೆಯನ ಗಿಟಾರಿನ ಬೆರಳುಹಲಗೆ, ಅಂದರೆ ಕತ್ತಿನ ಮೇಲೆ ಫ್ರೆಟ್ ಕೂರಿಸೋ ಹಲಗೆ, ರೋಸ್‌ವುಡ್. ಗಿಟಾರ್ ಲೋಕದವರು ಇಂಡಿಯನ್ ರೋಸ್‌ವುಡ್ ಅಂತ ಬೆಲೆ ಕಟ್ಟೋದು ನಮ್ಮ ಮಲೆನಾಡಿನ ಬೀಟೆ ಮರಕ್ಕೆ. 2017ರಲ್ಲಿ ಆ ಜಾತಿಯ ಮರಗಳ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುನಿಟ್ಟು ಬಂದ ಮೇಲೆ ಅಗ್ಗದ ಗಿಟಾರುಗಳಿಗೆ ಇಂಡಿಯನ್ ಲಾರೆಲ್ ಬಂತು. ನನ್ನದರಲ್ಲಿ ಇರೋದು ಅದೇ. ಲಾರೆಲ್ ಅಂದರೆ ಯಾವುದೋ ಹೊರದೇಶದ ಮರ ಅಂದುಕೊಂಡಿದ್ದೆ. ನೋಡಿದರೆ ನಮ್ಮ ಮತ್ತಿ! ಅಜ್ಜಿ ಊರಲ್ಲಿ ಗದ್ದೆ ಪಕ್ಕ ನಿಂತಿದ್ದ, ಮೊಸಳೆ ಬೆನ್ನಿನಂಥ ತೊಗಟೆಯ ಮರ. ದುಬಾರಿ ಗಿಟಾರಿಗೆ ಬೀಟೆ, ಅಗ್ಗದ್ದಕ್ಕೆ ಮತ್ತಿ. ಎರಡೂ ನಮ್ಮ ಕಾಡಲ್ಲಿ ಒಟ್ಟಿಗೆ ಬೆಳೆದ ಮರಗಳು ಅಂತ ತಿಳಿದ ದಿನ ನನ್ನ ಸ್ಕ್ವಾಯರನ್ನು ತೊಡೆ ಮೇಲಿಟ್ಟುಕೊಂಡು ತುಂಬಾ ಹೊತ್ತು ಕೂತಿದ್ದೆ.

ಅಳಿಯನಿಗೆ ಇನ್ನೊಂದು ಮಾತು ಹೇಳಿದೆ. 1954ರಲ್ಲಿ ಸ್ಟ್ರಾಟ್ ಹೊರತಂದ ಲಿಯೋ ಫೆಂಡರ್‌ಗೆ ಗಿಟಾರ್ ನುಡಿಸೋಕೆ ಬರ್ತಿರಲಿಲ್ಲ. ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಮನುಷ್ಯ. ಕತ್ತನ್ನು ಅಂಟಿಸದೆ ನಾಲ್ಕು ಸ್ಕ್ರೂ ಹಾಕಿ ಕೂರಿಸಿದ, ಕೆಟ್ಟರೆ ಬಿಚ್ಚಿ ಬೇರೆ ಹಾಕಲಿ ಅಂತ. ಬಿಚ್ಚಿ ಸರಿಮಾಡೋಕೆ ಅಂತಲೇ ಹುಟ್ಟಿದ ವಾದ್ಯ ಅದು.

ಆ ಭಾನುವಾರ ಇಬ್ಬರೂ ಅಂಗಡಿಯಲ್ಲಿ ಕೂತೆವು. ಅವನ ಹತ್ತಿರ ಆಗಲೇ ಇರೋ ಹದಿನೆಂಟು ಸಾವಿರದ ಗಿಟಾರಿನ ತಂತಿ ಬಿಚ್ಚಿ, ಬೆರಳುಹಲಗೆಗೆ ಟೇಪ್ ಅಂಟಿಸಿ, ಫ್ರೆಟ್ ತುದಿಗಳನ್ನು ಸಣ್ಣ ಅರದಿಂದ ಉಜ್ಜಿದೆ, ಆಮೇಲೆ ಎಮರಿ ಪೇಪರ್. ನಟ್‌ನ ಸೀಳುಗಳಿಗೆ ಪೆನ್ಸಿಲ್ ಸೀಸ ತುಂಬಿದೆ. ಎಸ್‌ಪಿ ರೋಡಿಂದ ತಂದಿದ್ದ 250 ಕಿಲೋ ಓಮ್ ಪಾಟ್‌ಗಳನ್ನು (ಸದ್ದು ಹೆಚ್ಚು ಕಡಿಮೆ ಮಾಡೋ ತಿರುಗಣೆ) ಅವನ ಕೈಯಲ್ಲೇ ಬೆಸುಗೆ ಹಾಕಿಸಿದೆ. ಪೂರಾ ನಾಲ್ಕು ಗಂಟೆ ಹಿಡೀತು. ಕೊನೆಗೆ ಅಂಚಿನ ಮೇಲೆ ಹೆಬ್ಬೆರಳು ಎಳೆದು ನೋಡಿದ. ಇನ್ನೊಂದು ಸಲ ಎಳೆದ.

"ಆದ್ರೂ ಅದು ಬೇಕು ಮಾಮ" ಅಂದ.

ಬೇಕು ಅನ್ನಿಸೋದು ತಪ್ಪಲ್ಲ ಕಣೋ ಅಂದೆ. ಎರಡು ವರ್ಷ ಇದರ ಮೇಲೆ ನುಡಿಸು. ಆಗಲೂ ಅದೇ ಬೇಕು ಅಂದರೆ ಅರ್ಧ ದುಡ್ಡು ನನ್ನದು. ಈ ತಿಂಗಳಿಂದ ಗ್ರೈಂಡರ್ ಮೋಟಾರ್ ಒಂದಕ್ಕೆ ನೂರು ರೂಪಾಯಿ ಎತ್ತಿಡ್ತಿದ್ದೀನಿ.