ಇಬ್ಬರ ಜಗಳದಲ್ಲಿ ಬಡವಾದ ಕೂಸು: ವಿಡಿಯೊ ಫಾರ್ಮ್ಯಾಟ್ ಪೈಪೋಟಿಯ ಲೆಕ್ಕ

ಪೈಪೋಟಿ ಇದ್ದರೆ ಬೆಲೆ ಇಳಿಯುತ್ತದೆ, ಮಾಲು ಸುಧಾರಿಸುತ್ತದೆ ಅನ್ನುವುದು ಸಾಮಾನ್ಯ ನಂಬಿಕೆ. ಸೋಪಿನ ವಿಷಯದಲ್ಲಿ ಅದು ಸರಿ. ಈ ತಿಂಗಳ ಸೋಪು ಹಿಡಿಸದಿದ್ದರೆ ಮುಂದಿನ ತಿಂಗಳು ಬೇರೆ ತರಬಹುದು, ಅದಕ್ಕಾಗಿ ಬಚ್ಚಲುಮನೆ ಒಡೆಯಬೇಕಿಲ್ಲ. ಮನೆಯಲ್ಲಿ ನೋಡುವ ವಿಡಿಯೊ ಟೇಪು, ಡಿಸ್ಕುಗಳ ವಿಷಯ ಹಾಗಲ್ಲ. ಫಾರ್ಮ್ಯಾಟ್, ಅಂದರೆ ಟೇಪು ಡಿಸ್ಕುಗಳಿಗೆ ಚಿತ್ರವನ್ನು ಬರೆಯುವ ಮತ್ತು ಓದುವ ಪದ್ಧತಿ, ಬದಲಾದರೆ ಯಂತ್ರ ಮೂಲೆಗೆ ಸೇರುತ್ತದೆ, ಅದರ ಹಿಂದೆಯೇ ಕಪಾಟಿನ ತುಂಬ ಜೋಡಿಸಿಟ್ಟ ಟೇಪುಗಳೂ ಹೋಗುತ್ತವೆ.

ಇಲ್ಲಿ ಎರಡು ಬಗೆಯ ಪೈಪೋಟಿಯನ್ನು ಬೇರೆ ಬೇರೆ ಇಟ್ಟು ನೋಡಬೇಕು. ಒಂದೇ ಫಾರ್ಮ್ಯಾಟಿನ ಯಂತ್ರವನ್ನು ಹತ್ತು ಕಂಪನಿಗಳು ಮಾಡಿ ಬಡಿದಾಡುವುದು ಒಂದು. ಒಂದರ ಕ್ಯಾಸೆಟ್ಟು ಇನ್ನೊಂದರೊಳಗೆ ಹೋಗದ ಎರಡು ಫಾರ್ಮ್ಯಾಟುಗಳು ಬಡಿದಾಡುವುದು ಇನ್ನೊಂದು. ಮೊದಲನೆಯದು ಕೊಳ್ಳುವವರಿಗೆ ಹೆಚ್ಚುಕಡಿಮೆ ಲಾಭವೇ. ಎರಡನೆಯದರಲ್ಲಿ ಲಾಭ ಕಡೆಗೆ ಬಂದವರ ಪಾಲಾಗುತ್ತದೆ, ಬಿಲ್ಲು ಮೊದಲು ಬಂದವರ ಕೈಗೆ ಬರುತ್ತದೆ.

ಬೀಟಾ ಮತ್ತು ವಿಎಚ್‌ಎಸ್

ಸೋನಿಯ ಬೀಟಾಮ್ಯಾಕ್ಸ್ 1975ರಲ್ಲಿ ಬಂತು, ಜೆವಿಸಿಯ ವಿಎಚ್‌ಎಸ್ 1976ರಲ್ಲಿ. ಎರಡರ ಟೇಪೂ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್ ಅಗಲ. ವ್ಯತ್ಯಾಸ ಇದ್ದದ್ದು ಡಬ್ಬಿಯಲ್ಲಿ, ಟೇಪಿಗೆ ಬರೆಯುವ-ಓದುವ ಹೆಡ್‌ಗಳು ಕೂತು ತಿರುಗುವ ಡ್ರಮ್ಮಿನಲ್ಲಿ ಮತ್ತು ಟೇಪು ಓಡುವ ವೇಗದಲ್ಲಿ. ಬೀಟಾ ಕ್ಯಾಸೆಟ್ಟು ಸುಮಾರು 156×96 ಮಿಲಿಮೀಟರ್, ವಿಎಚ್‌ಎಸ್ ಸುಮಾರು 188×104. ಬೀಟಾದ ಹೆಡ್ ಡ್ರಮ್ಮಿನ ವ್ಯಾಸ 74.5 ಮಿಲಿಮೀಟರ್, ವಿಎಚ್‌ಎಸ್‌ನದು 62.

ದೊಡ್ಡ ಡಬ್ಬಿಯಲ್ಲಿ ಹೆಚ್ಚು ಟೇಪು ಹಿಡಿಯುತ್ತದೆ. ಮೇಲ್ನೋಟಕ್ಕೆ ಚಿಲ್ಲರೆ ಸಂಗತಿ ಅನಿಸಿದರೂ ಕದನ ತೀರ್ಮಾನವಾದದ್ದು ಇದರಿಂದಲೇ. ಬೀಟಾದ ಎಲ್-500 ಕ್ಯಾಸೆಟ್ಟಿನಲ್ಲಿ 500 ಅಡಿ ಟೇಪು ಇರುತ್ತಿತ್ತು. ಮೊದಲ ವೇಗವಾದ ಸೆಕೆಂಡಿಗೆ 40 ಮಿಲಿಮೀಟರಿನಲ್ಲಿ ಅದು ಒಂದು ಗಂಟೆಗೆ ಮುಗಿಯುತ್ತಿತ್ತು. ವಿಎಚ್‌ಎಸ್‌ನ ಟಿ-120 ಸೆಕೆಂಡಿಗೆ 33.35 ಮಿಲಿಮೀಟರಿನಂತೆ ಎರಡು ಗಂಟೆ ಓಡುತ್ತಿತ್ತು. ಒಂದು ಸಿನಿಮಾ ಒಂದೇ ಕ್ಯಾಸೆಟ್ಟಿಗೆ ಹಿಡಿಸುವುದೋ ಇಲ್ಲವೋ ಅನ್ನುವುದು ಇಷ್ಟರಲ್ಲೇ ನಿಂತಿತ್ತು.

ಆಗ ಸೋನಿ ಟೇಪಿನ ವೇಗವನ್ನು ಅರ್ಧಕ್ಕೆ ಇಳಿಸಿ ಬೀಟಾ-2 ತಂದಿತು. ಅಮೆರಿಕದ ಆರ್‌ಸಿಎ ತನ್ನ ಹೆಸರಿನಲ್ಲಿ ಮಾರಲು ಹೊರಟ ವಿಎಚ್‌ಎಸ್ ಯಂತ್ರಕ್ಕೆ ನಾಲ್ಕು ಗಂಟೆ ಬೇಕೆಂದು ಕೂತಿತು. ವಿಎಚ್‌ಎಸ್ ಪಾಳಯದ ಮತ್ಸುಶಿತ ಕಂಪನಿ ಆ ವೇಗವನ್ನೂ ಅರ್ಧ ಮಾಡಿ 1977ರಲ್ಲಿ ನಾಲ್ಕು ಗಂಟೆಯ ಯಂತ್ರ ಕೊಟ್ಟಿತು. ಒಂಟಿ ಕಂಪನಿಯ ಕೈಯಲ್ಲಿ ಮಾರುಕಟ್ಟೆ ಇದ್ದಿದ್ದರೆ ಎರಡೇ ವರ್ಷದಲ್ಲಿ ಒಂದು ಗಂಟೆ ನಾಲ್ಕಾಗುತ್ತಿತ್ತು ಅನ್ನುವುದು ನನಗೆ ನಂಬಲಾಗದ ಮಾತು. ಪೈಪೋಟಿಯ ಪರವಾಗಿ ಹೇಳಬಹುದಾದ ದೊಡ್ಡ ಸಾಕ್ಷಿ ಇದು.

ಇನ್ನೊಂದು ಸಾಕ್ಷಿ ಧ್ವನಿಯದು. ಟೇಪಿನ ಅಂಚಿನಲ್ಲಿ ಉದ್ದಕ್ಕೆ ಬರೆಯುವ ಧ್ವನಿಗೆ ಟೇಪಿನ ವೇಗವೇ ಜೀವಾಳ. ವೇಗ ಸೆಕೆಂಡಿಗೆ 11 ಮಿಲಿಮೀಟರಿಗೆ ಇಳಿದಾಗ ಕೇಳಿಸುವುದು ಕಂಬಳಿ ಹೊದ್ದು ಮಾತಾಡಿದಂಥ ದನಿ. ಸೋನಿ 1983ರಲ್ಲಿ ಧ್ವನಿಯನ್ನು ತಿರುಗುವ ವಿಡಿಯೊ ಹೆಡ್‌ಗಳಿಂದಲೇ ಬರೆಸಿ ಬೀಟಾ ಹೈ-ಫೈ ತಂದಿತು. ವಿಎಚ್‌ಎಸ್‌ನ ಸಿಗ್ನಲ್ಲಿನಲ್ಲಿ ಅದಕ್ಕೆ ಜಾಗ ಸಾಲದು. ಅಲ್ಲಿನ ಎಂಜಿನಿಯರುಗಳು ಡ್ರಮ್ಮಿಗೆ ಬೇರೆ ಜೋಡಿ ಹೆಡ್ ಹಾಕಿ, ಧ್ವನಿಯನ್ನು ಮೊದಲು ಟೇಪಿನ ಆಳದ ಪದರಕ್ಕೆ ಬರೆದು, ಅದರ ಮೇಲೆ ಚಿತ್ರವನ್ನು ಬರೆಯುವ ಉಪಾಯ ಹೂಡಿದರು. 1984ರ ಹೊತ್ತಿಗೆ ಅದೂ ಅಂಗಡಿಯಲ್ಲಿತ್ತು.

ಬೀಟಾ ಚಿತ್ರ ಮೇಲು, ಆದರೂ ಸೋತಿತು ಎಂಬ ಮಾತು ಇವತ್ತಿಗೂ ಓಡಾಡುತ್ತದೆ. ಅದು ಮೊದಲ ವೇಗಕ್ಕೆ ಮಾತ್ರ ಸಲ್ಲುವ ಮಾತು, ಆಗಲೂ ಅಂತರ ಸಣ್ಣದು. ಮೊದಲ ವೇಗವಾದ ಬೀಟಾ-1ರಲ್ಲಿ ಪ್ರತಿ ಟ್ರ್ಯಾಕಿನ, ಅಂದರೆ ಹೆಡ್ ಟೇಪಿನ ಮೇಲೆ ಬರೆಯುವ ಗೆರೆಯ, ಅಗಲ 58.5 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). ವೇಗ ಅರ್ಧವಾದ ಬೀಟಾ-2ರಲ್ಲಿ 29.2. ವಿಎಚ್‌ಎಸ್‌ನ ಸಾಮಾನ್ಯ ವೇಗದಲ್ಲಿ 58. ಟ್ರ್ಯಾಕ್ ಕಿರಿದಾದಷ್ಟೂ ಹೆಡ್ಡಿಗೆ ಸಿಗುವ ಸಿಗ್ನಲ್ ಕ್ಷೀಣ, ಪರದೆಯ ಮೇಲೆ ಕಾಳು ಹೆಚ್ಚು. ಎರಡು ಗಂಟೆಯ ಸಿನಿಮಾಕ್ಕೆಂದು ಜನ ಬಳಸಿದ್ದು ಬೀಟಾ-2ನ್ನೇ. ಹೀಗಾಗಿ ಮೇಲು ಅನ್ನಿಸಿಕೊಂಡ ಚಿತ್ರ ಬಹುಪಾಲು ಮನೆಗಳಿಗೆ ಬರಲೇ ಇಲ್ಲ.

ಬೆಲೆಯ ಮಾತಿಗೆ ಬಂದರೆ, ಜೆವಿಸಿ ಧಾರಾಳವಾಗಿ ಲೈಸೆನ್ಸ್ ಹಂಚಿದ್ದರಿಂದ ಮತ್ಸುಶಿತ, ಹಿಟಾಚಿ, ಶಾರ್ಪ್, ಮಿತ್ಸುಬಿಷಿ ಎಲ್ಲ ವಿಎಚ್‌ಎಸ್ ಯಂತ್ರ ಮಾಡಿದರು. ಬೀಟಾದ ಕಡೆಗೂ ತೋಷಿಬಾ, ಸಾನ್ಯೊ ಇದ್ದರು, ಆದರೆ ಗುಂಪು ಚಿಕ್ಕದು. ಬೆಲೆ ಇಳಿಸಿದ್ದು ಮುಖ್ಯವಾಗಿ ಒಂದೇ ಪಾಳಯದೊಳಗಿನ ಈ ಬಡಿದಾಟ. 1988ರಲ್ಲಿ ಸೋನಿಯೇ ವಿಎಚ್‌ಎಸ್ ಯಂತ್ರ ಮಾಡತೊಡಗಿತು. ಬೀಟಾದ ಖಾಲಿ ಕ್ಯಾಸೆಟ್ಟುಗಳನ್ನು 2016ರವರೆಗೂ ಮಾರಿತು ಅನ್ನುವುದನ್ನು ಅದರ ಲೆಕ್ಕಕ್ಕೆ ಒಳ್ಳೆಯದಾಗಿ ಬರೆದುಕೊಳ್ಳಬೇಕು. ಸೋತವರಲ್ಲಿ ಹಾಗೆ ನಡೆದುಕೊಂಡವರು ಕಡಿಮೆ.

ನೀಲಿ ಲೇಸರಿನ ಎರಡು ವರ್ಷ

2006ರಲ್ಲಿ, ಡಿವಿಡಿಗಿಂತ ಸ್ಪಷ್ಟ ಚಿತ್ರ ಕೊಡುವ ಎರಡು ಡಿಸ್ಕುಗಳಾದ ಎಚ್‌ಡಿ ಡಿವಿಡಿ ಮತ್ತು ಬ್ಲೂ-ರೇ ಎದುರುಬದುರಾದವು. ಲೇಸರ್ ಎರಡಕ್ಕೂ ಒಂದೇ, 405 ನ್ಯಾನೊಮೀಟರ್. ಎಚ್‌ಡಿ ಡಿವಿಡಿಯಲ್ಲಿ ಮಾಹಿತಿ ಇರುವುದು 0.6 ಮಿಲಿಮೀಟರ್ ಆಳದಲ್ಲಿ, ಡಿವಿಡಿಯ ಹಾಗೆಯೇ. ಹಾಗಾಗಿ ಡಿವಿಡಿ ಅಚ್ಚು ಹಾಕುವ ಕಾರ್ಖಾನೆಯನ್ನೇ ಸ್ವಲ್ಪ ತಿದ್ದಿ ಬಳಸಬಹುದಿತ್ತು. ಒಂದು ಪದರಕ್ಕೆ 15 ಜಿಬಿ. ಬ್ಲೂ-ರೇಯಲ್ಲಿ ಮಾಹಿತಿಯ ಮೇಲಿನ ಹೊದಿಕೆ 0.1 ಮಿಲಿಮೀಟರ್ ಮಾತ್ರ. ಲೆನ್ಸ್ ಹತ್ತಿರ ಬಂದು ಸಣ್ಣ ಚುಕ್ಕೆಯನ್ನು ಓದುವುದರಿಂದ ಪದರಕ್ಕೆ 25 ಜಿಬಿ. ತೆಳು ಹೊದಿಕೆಗೆ ಗೀರು ಬಿದ್ದರೆ ಕತೆ ಮುಗಿಯಿತು. 2003ರಲ್ಲಿ ಜಪಾನಿನಲ್ಲಿ ಬಂದ ಮೊದಲ ಬ್ಲೂ-ರೇ ಡಿಸ್ಕುಗಳು ಅದಕ್ಕೆಂದೇ ಪ್ಲಾಸ್ಟಿಕ್ ಡಬ್ಬಿಯೊಳಗೆ ಇದ್ದವು. ಗಟ್ಟಿ ಲೇಪನ ಕಂಡುಹಿಡಿದ ಮೇಲೆ ಡಬ್ಬಿ ಹೋಯಿತು.

ಮೊದಮೊದಲ ಬ್ಲೂ-ರೇಗಳಲ್ಲಿ ಹಲವು ಒಂದೇ ಪದರದ, ಎಂಪೆಗ್-2 ಎಂಬ ಹಳೆಯ ಕೋಡೆಕ್ಕಿನಲ್ಲಿ (ಚಿತ್ರದ ಮಾಹಿತಿಯನ್ನು ಕುಗ್ಗಿಸುವ ವಿಧಾನ) ಒತ್ತಿದ ಡಿಸ್ಕುಗಳು; ಚಿತ್ರ ಅಷ್ಟಕ್ಕಷ್ಟೆ. ಎದುರಿನ ಎಚ್‌ಡಿ ಡಿವಿಡಿಯವರು ವಿಸಿ-1 ಎಂಬ ಹೊಸ ಕೋಡೆಕ್ ಬಳಸಿ ಕಡಿಮೆ ಜಾಗದಲ್ಲಿ ಚೊಕ್ಕ ಚಿತ್ರ ಕೊಡುತ್ತಿದ್ದುದರಿಂದ ಬ್ಲೂ-ರೇ ಕಡೆಯವರೂ ಎರಡು ಪದರಕ್ಕೆ, ಹೊಸ ಕೋಡೆಕ್ಕುಗಳಿಗೆ ಬೇಗ ದಾಟಬೇಕಾಯಿತು. ಬೆಲೆಯೂ ಹಾಗೇ. ಎಚ್‌ಡಿ ಡಿವಿಡಿ ಪಾಳಯದ ತೋಷಿಬಾದ ಮೊದಲ ಪ್ಲೇಯರ್ 2006ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ 499 ಡಾಲರ್. 2007ರ ನವೆಂಬರಿನಲ್ಲಿ ಅದರ ಮುಂದಿನ ಮಾದರಿಯನ್ನು ಅಲ್ಲಿನ ಒಂದು ಮಾರಾಟದಲ್ಲಿ 100 ಡಾಲರಿಗೂ ಕಮ್ಮಿಗೆ ಕೊಟ್ಟರು. ಜನ ಮುಗಿಬಿದ್ದರು. 2008ರ ಜನವರಿ 4ರಂದು ವಾರ್ನರ್ ಸ್ಟುಡಿಯೊ ಬ್ಲೂ-ರೇ ಕಡೆ ವಾಲಿತು, ಫೆಬ್ರುವರಿ 19ಕ್ಕೆ ತೋಷಿಬಾ ಎಚ್‌ಡಿ ಡಿವಿಡಿಯ ಅಂಗಡಿ ಮುಚ್ಚಿತು. ಅಗ್ಗದ ಪ್ಲೇಯರ್ ಕೊಂಡವರಿಗೆ ಸಿಕ್ಕಿದ್ದು ಮೂರೂವರೆ ತಿಂಗಳು.

ಈ ಎರಡು ವರ್ಷ ನಡೆದದ್ದರಲ್ಲಿ ಪೈಪೋಟಿ ಅನ್ನಬಹುದಾದ್ದು ಅರ್ಧ, ಉಳಿದದ್ದು ಬೇಲಿ ಹಾಕುವ ಕೆಲಸ. ಒಂದು ಸ್ಟುಡಿಯೊದ ಸಿನಿಮಾ ಇದರಲ್ಲಿ ಮಾತ್ರ, ಇನ್ನೊಂದರದು ಅದರಲ್ಲಿ ಮಾತ್ರ. ಎರಡೂ ಓದುವ ಯಂತ್ರವನ್ನು ಎಲ್‌ಜಿ 2007ರಲ್ಲಿ 1,199 ಡಾಲರಿಗೆ ತಂದಿತು. ಆ ಬೆಲೆ ಕೊಟ್ಟರೂ ಎಚ್‌ಡಿ ಡಿವಿಡಿಯ ಮೆನು, ವಿಶೇಷ ಸೌಲಭ್ಯಗಳು ಅದರಲ್ಲಿ ಓಡುತ್ತಿರಲಿಲ್ಲ. ಜೊತೆಗೆ, ಗೆದ್ದವರಿಂದ ಎಲ್ಲ ಒಳ್ಳೆಯ ಗುಣವೂ ಉಳಿಯುವುದಿಲ್ಲ. ಒಂದು ಪ್ರದೇಶದ ಡಿಸ್ಕು ಇನ್ನೊಂದರ ಪ್ಲೇಯರಿನಲ್ಲಿ ಓಡದಂತೆ ತಡೆಯುವ ಬೀಗ ಎಚ್‌ಡಿ ಡಿವಿಡಿಗೆ ಇರಲಿಲ್ಲ, ಬ್ಲೂ-ರೇಗೆ ಎ, ಬಿ, ಸಿ ಎಂದು ಮೂರು ಪ್ರದೇಶ ಇದ್ದವು. ಎಚ್‌ಡಿ ಡಿವಿಡಿಯ ಪ್ರತಿ ಪ್ಲೇಯರಿನಲ್ಲೂ ನೆಟ್‌ವರ್ಕ್ ಸಂಪರ್ಕ ಕಡ್ಡಾಯವಿತ್ತು. ಮೊದಲ ಬ್ಲೂ-ರೇ ಪ್ಲೇಯರುಗಳಿಗೆ ಆ ಕಟ್ಟಳೆ ಇರಲಿಲ್ಲ.

ಜಗಳ ಅಂಗಡಿಗೆ ಬರುವ ಮೊದಲೇ ಮುಗಿದರೆ

1995ರಲ್ಲಿ ಸೋನಿ-ಫಿಲಿಪ್ಸ್ ಒಂದು ಡಿಸ್ಕನ್ನೂ ತೋಷಿಬಾದ ಬಳಗ ಇನ್ನೊಂದನ್ನೂ ಹಿಡಿದುಕೊಂಡು ನಿಂತಿದ್ದವು. ಒಂದೇ ಫಾರ್ಮ್ಯಾಟ್ ಆಗದಿದ್ದರೆ ಎರಡನ್ನೂ ಮುಟ್ಟುವುದಿಲ್ಲ ಎಂದು ಕಂಪ್ಯೂಟರ್ ಕಂಪನಿಗಳು ಪಟ್ಟು ಹಿಡಿದವು, ಐಬಿಎಂ ಮಧ್ಯಸ್ಥಿಕೆ ವಹಿಸಿತು. ತೋಷಿಬಾ ಬಳಗದ ಅಂಟಿಸಿದ ಜೋಡಿ ಡಿಸ್ಕು, ಸೋನಿ-ಫಿಲಿಪ್ಸಿನ ಗಟ್ಟಿಯಾದ ಸಂಕೇತ ಪದ್ಧತಿ ಸೇರಿ ಡಿವಿಡಿ ಆಯಿತು. ಆ ಸಂಕೇತ ಪದ್ಧತಿ ಒಂದಿಷ್ಟು ಜಾಗ ತಿನ್ನುತ್ತಿದ್ದುದರಿಂದ 5 ಜಿಬಿ 4.7ಕ್ಕೆ ಇಳಿಯಿತು. ರಾಜಿಗೆ ತೆತ್ತ ಬೆಲೆ 0.3 ಜಿಬಿ. ಇದಕ್ಕಿಂತ ಅಗ್ಗದ ರಾಜಿ ಈ ಉದ್ಯಮದಲ್ಲಿ ನಡೆದದ್ದು ನನಗೆ ಗೊತ್ತಿಲ್ಲ. ಪೈಪೋಟಿಯಿಂದ ಬರಬೇಕಾದ ಸುಧಾರಣೆ ಪ್ರಯೋಗಾಲಯದಲ್ಲೇ ಬಂತು. ಆಮೇಲಿನ ಬೆಲೆ ಯುದ್ಧ ಒಂದೇ ಫಾರ್ಮ್ಯಾಟಿನೊಳಗೆ ನಡೆಯಿತು.

ಅದೇ ಜನ ಬರೆಯಬಹುದಾದ ಡಿವಿಡಿಯಲ್ಲಿ ಮತ್ತೆ ಒಡೆದು ಡಿವಿಡಿ ಮೈನಸ್ ಆರ್, ಪ್ಲಸ್ ಆರ್ ಎಂದು ಎರಡು ಮಾಡಿಕೊಂಡರು. ಎರಡೂ ಬರೆಯುವ ಡ್ರೈವ್ ಬಂದದ್ದರಿಂದ ಗಾಯ ದೊಡ್ಡದಾಗಲಿಲ್ಲ, ಕಿರಿಕಿರಿ ಮಾತ್ರ ಉಳಿಯಿತು. ಮೈನಸ್‌ನಲ್ಲಿ 470.73 ಕೋಟಿ ಬೈಟ್ ಹಿಡಿದರೆ ಪ್ಲಸ್‌ನಲ್ಲಿ 470.04 ಕೋಟಿ. ಅಂಚಿನವರೆಗೆ ತುಂಬಿದ ಫೈಲು ಮೈನಸ್‌ಗೆ ಹಿಡಿಸಿ ಪ್ಲಸ್‌ಗೆ ಹಿಡಿಸದೆ ಹೋಗುವುದು ಇದರಿಂದಲೇ. ಹಳೆಯ ಪ್ಲೇಯರ್ ಪ್ಲಸ್ ಡಿಸ್ಕನ್ನು ಗುರುತಿಸದಿದ್ದರೆ, ಡ್ರೈವ್ ಒಪ್ಪುವುದಾದರೆ ಬರೆಯುವ ಮೊದಲು ಬುಕ್ ಟೈಪನ್ನು (ಡಿಸ್ಕಿನ ಬಗೆಯನ್ನು ಪ್ಲೇಯರಿಗೆ ತಿಳಿಸುವ ಗುರುತು) ಡಿವಿಡಿ-ರಾಮ್ ಅಲ್ಲ, ಡಿವಿಡಿ-ರೋಮ್ ಎಂದು ಬದಲಿಸಬೇಕು.

ಎರಡು ಫಾರ್ಮ್ಯಾಟ್ ಎದುರಿಗಿದ್ದಾಗ ಕೇಳಬೇಕಾದ್ದು

ಚಿತ್ರ ಯಾವುದು ಚೆಂದ ಎಂದು ಕೇಳುವುದು ಕೊನೆಗಿರಲಿ. ಯಂತ್ರ ಮಾಡುವ ಕಂಪನಿಗಳೆಷ್ಟು ಎಂದು ಮೊದಲು ಎಣಿಸಬೇಕು. ಒಂದೇ ಕಂಪನಿಯ ಹೆಗಲ ಮೇಲಿರುವ ಫಾರ್ಮ್ಯಾಟ್ ಆ ಕಂಪನಿ ಮನಸ್ಸು ಬದಲಿಸಿದ ದಿನ ಸಾಯುತ್ತದೆ. ಈಗಾಗಲೇ ಇರುವ ಡಿಸ್ಕುಗಳನ್ನು ಹೊಸ ಯಂತ್ರ ಓದುತ್ತದೆಯೇ ನೋಡಬೇಕು. ಓದುವುದಾದರೆ ಫಾರ್ಮ್ಯಾಟ್ ಸತ್ತರೂ ಯಂತ್ರ ಬದುಕುತ್ತದೆ. ಎಚ್‌ಡಿ ಡಿವಿಡಿ ಪ್ಲೇಯರುಗಳು ಆಮೇಲೂ ಒಳ್ಳೆಯ ಡಿವಿಡಿ ಪ್ಲೇಯರುಗಳಾಗಿ ಉಳಿದವು. ಮೂರನೆಯದು, ಡಿಸ್ಕು ಓಡಲು ಬೇರೆಯವರ ಸರ್ವರ್ ಅಪ್ಪಣೆ ಬೇಕೇ? ಡಿವಿಡಿಗೆ ಎದುರಾಗಿ 1998ರಲ್ಲಿ ಅಮೆರಿಕದಲ್ಲಿ ಬಂದ ಡಿವ್‌ಎಕ್ಸ್ ಡಿಸ್ಕಿಗೆ 4.49 ಡಾಲರ್, ನೋಡಲು 48 ಗಂಟೆ, ಲೆಕ್ಕ ಒಪ್ಪಿಸಲು ಟೆಲಿಫೋನ್ ತಂತಿ. ಮರುವರ್ಷ ವ್ಯಾಪಾರ ನಿಂತಿತು, 2001ರ ಜೂನ್ 30ಕ್ಕೆ ಸರ್ವರ್ ನಿಂತಿತು. ಅಲ್ಲಿಗೆ ಡಿಸ್ಕುಗಳು ಹೊಳೆಯುವ ತಟ್ಟೆಗಳಾದವು.

ಈಗಿನ 4ಕೆ ಬ್ಲೂ-ರೇಯಲ್ಲಿ, ಚಿತ್ರದ ಬೆಳಕು-ಬಣ್ಣಗಳ ಹರವನ್ನು ಹಿಗ್ಗಿಸುವ ಪದ್ಧತಿಗಳಾದ ಡಾಲ್ಬಿ ವಿಷನ್ ಮತ್ತು ಎಚ್‌ಡಿಆರ್10+ ನಡುವೆ ಇರುವ ಪೈಪೋಟಿ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಇದೇ ಬಗೆಯ ಮೂಲ ಪದ್ಧತಿಯಾದ ಎಚ್‌ಡಿಆರ್10 ಎಲ್ಲ ಪ್ಲೇಯರುಗಳಿಗೂ ಕಡ್ಡಾಯ, ಉಳಿದೆರಡು ಅದರ ಮೇಲಿನ ಐಚ್ಛಿಕ ಪದರ. ಟಿವಿಗೆ ಒಂದು ಅರ್ಥವಾಗದಿದ್ದರೂ ಸಿನಿಮಾ ಓಡುತ್ತದೆ.

ಸೋತ ಟೇಪು ಕೈಯಲ್ಲಿದ್ದರೆ

ಮನೆಯವರ ಮದುವೆ, ನಾಮಕರಣ ಬೀಟಾ ಟೇಪಿನಲ್ಲಿದ್ದರೆ ಅದನ್ನು ಫೈಲಿಗೆ ಇಳಿಸಿಕೊಳ್ಳುವುದೇ ದಾರಿ. ಮೊದಲು ಕ್ಯಾಸೆಟ್ಟಿನ ಕಿಂಡಿಯಿಂದ ಸುರುಳಿಯನ್ನು ನೋಡಿ. ಬಿಳಿ ಚುಕ್ಕೆ, ಪುಡಿ ಕಂಡರೆ ಬೂಷ್ಟು. ಅದನ್ನು ಯಂತ್ರಕ್ಕೆ ಹಾಕಿದರೆ ಮುಂದೆ ಹಾಕುವ ಪ್ರತಿ ಟೇಪಿಗೂ ಅಂಟುತ್ತದೆ. ಹಳೆಯ ಯಂತ್ರದಲ್ಲಿ ಮೊದಲು ಕೈಕೊಡುವುದು ರಬ್ಬರು: ಬೆಲ್ಟು ಜಿಗುಟಾಗುತ್ತದೆ, ಟೇಪನ್ನು ಒತ್ತಿ ಎಳೆಯುವ ಪಿಂಚ್ ರೋಲರ್ ಗಟ್ಟಿಯಾಗಿ ಹೊಳೆಯತೊಡಗುತ್ತದೆ, ಟೇಪು ಜಾರಿ ಧ್ವನಿ ಅಲೆಯುತ್ತದೆ. ಹೆಡ್ ಒರೆಸಲು ಹತ್ತಿ ಕಡ್ಡಿ ಬೇಡ, ಎಳೆ ಸಿಕ್ಕಿ ಹೆಡ್ಡಿನ ತುದಿ ಮುರಿಯುತ್ತದೆ. ಮೆದು ಚರ್ಮದ ತುಂಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಡ್ರಮ್ ತಿರುಗುವ ದಿಕ್ಕಿಗೇ ಒರೆಸಬೇಕು, ಮೇಲೆ ಕೆಳಗೆ ಅಲ್ಲ. ಬೀಟಾದಲ್ಲಿ ಕ್ಯಾಸೆಟ್ಟು ಹಾಕಿದ ಕೂಡಲೇ ಟೇಪು ಡ್ರಮ್ಮಿಗೆ ಸುತ್ತಿಕೊಳ್ಳುತ್ತದೆ. ಕೆಲಸವಿಲ್ಲದಾಗ ಒಳಗೆ ಬಿಡಬೇಡಿ.

ಯಂತ್ರ ಮತ್ತು ಕಂಪ್ಯೂಟರ್ ನಡುವೆ, ಸಿಗ್ನಲ್ಲಿನ ಸಮಯದ ಏರುಪೇರು ಸರಿಪಡಿಸುವ ಟೈಮ್ ಬೇಸ್ ಕರೆಕ್ಟರ್ ಇರಲಿ. ಅದಿಲ್ಲದಿದ್ದರೆ ಚಿತ್ರದ ಮೇಲಂಚು ಬಾಗುತ್ತದೆ, ಫ್ರೇಮುಗಳು ಬಿದ್ದುಹೋಗಿ ತುಟಿಗೂ ಮಾತಿಗೂ ಹೊಂದಿಕೆ ತಪ್ಪುತ್ತದೆ. ಪಾಲ್ ಎಂಬ ಟಿವಿ ಪದ್ಧತಿಯ ಟೇಪಾದರೆ 720×576, ಸೆಕೆಂಡಿಗೆ 25 ಫ್ರೇಮು. ಎನ್‌ಟಿಎಸ್‌ಸಿ ಪದ್ಧತಿಯದಾದರೆ 720×480, 29.97. ನಷ್ಟವಿಲ್ಲದ ಕೋಡೆಕ್ಕಿನಲ್ಲಿ ಗಂಟೆಗೆ 30 ಜಿಬಿಗೂ ಹೆಚ್ಚು ಜಾಗ ಇಟ್ಟುಕೊಳ್ಳಬೇಕು, ಡಿವಿ ಫಾರ್ಮ್ಯಾಟಿನಲ್ಲಿ 13 ಜಿಬಿ ಸಾಕು. ಮೂಲ ಫೈಲಿನಲ್ಲಿ ಇಂಟರ್‌ಲೇಸ್ (ಪ್ರತಿ ಫ್ರೇಮನ್ನು ಒಂದು ಬಿಟ್ಟು ಒಂದು ಗೆರೆಯಂತೆ ಎರಡು ಕಂತಿನಲ್ಲಿ ಬರೆಯುವುದು) ಹಾಗೇ ಇರಲಿ, ನೋಡುವ ಪ್ರತಿಯಲ್ಲಿ ಮಾತ್ರ ತೆಗೆಯಿರಿ. ಚಿತ್ರದ ತೀರ ಕೆಳಗೆ ಕೆಲವು ಗೆರೆಗಳು ಹರಿದು ನಡುಗುತ್ತಿದ್ದರೆ ಟೇಪು ಕೆಟ್ಟಿದೆಯೆಂದು ಗಾಬರಿ ಬೇಡ. ಒಂದು ಹೆಡ್ಡಿನಿಂದ ಇನ್ನೊಂದಕ್ಕೆ ಬದಲಾಗುವ ಗುರುತು ಅದು, ಹಳೆಯ ಟಿವಿಗಳು ಅದನ್ನು ಚೌಕಟ್ಟಿನ ಹಿಂದೆ ಮುಚ್ಚಿಡುತ್ತಿದ್ದವು. ಈ ಒಂದು ವಿಷಯದಲ್ಲಿ ಬೀಟಾಗೂ ವಿಎಚ್‌ಎಸ್‌ಗೂ ಏನೂ ವ್ಯತ್ಯಾಸವಿಲ್ಲ.