ಇಂಬಳ ಇಲ್ಲದ ಕಾಡು

ಪೋರ್ಟೊ ರಿಕೊಗೆ ಹೋಗಿದ್ದಕ್ಕೆ ದೊಡ್ಡ ಕಾರಣ ಏನೂ ಇಲ್ಲ. ವೀಸಾ ಸ್ಟ್ಯಾಂಪಿಂಗ್ ಅವಧಿ ಮುಗಿದಿತ್ತು, ಅಷ್ಟೇ. ಅಮೆರಿಕದಲ್ಲಿ ಎಚ್-1ಬಿ ಕೆಲಸದ ವೀಸಾ ಮೇಲೆ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೇಶ ಬಿಟ್ಟು ಹೋಗೋದು ಸುಲಭ, ವಾಪಸ್ ಬರೋದೇ ತಲೆನೋವು. ಪೋರ್ಟೊ ರಿಕೊ ಇರುವುದು ಕೆರಿಬಿಯನ್‌ನಲ್ಲಿ, ಆದರೆ 1898ರಿಂದ ಅಮೆರಿಕದ ಕೈಯಲ್ಲಿದೆ. ನ್ಯೂಆರ್ಕ್‌ನಿಂದ ಸುಮಾರು ನಾಲ್ಕು ಗಂಟೆಯ ಡೊಮೆಸ್ಟಿಕ್ ವಿಮಾನ, ಯಾರೂ ವೀಸಾ ಕೇಳುವುದಿಲ್ಲ. ಅಲ್ಲಿ ಹುಟ್ಟಿದವರು ಅಮೆರಿಕದ ಪ್ರಜೆಗಳೇ, ಆದರೂ ದ್ವೀಪದಲ್ಲೇ ಇದ್ದರೆ ಅಧ್ಯಕ್ಷರ ಚುನಾವಣೆಗೆ ವೋಟು ಹಾಕುವ ಹಾಗಿಲ್ಲ. ನಮಗೂ ವೋಟಿಲ್ಲ, ಆದರೆ ನಮ್ಮದು ಬೇರೆ ಕಥೆ ಬಿಡಿ.

ನವೆಂಬರ್ ಕೊನೆಯ ರಜೆಗೆ ನಾನು, ಗಂಡ, ಎಂಟು ವರ್ಷದ ಮಗಳು ಹೊರಟೆವು. ಸಾನ್ ಹುವಾನ್‌ನಲ್ಲಿ ಇಳಿದು ಬಾಡಿಗೆ ಕಾರಿನಲ್ಲಿ ಪೂರ್ವಕ್ಕೆ ಮುಕ್ಕಾಲು ಗಂಟೆ ಹೋದರೆ ಲುಕೀಯೊ ಅನ್ನುವ ಪುಟ್ಟ ಊರು. ಬರೆಯುವುದು ಲುಕಿಲ್ಲೊ ಅಂತ, ಕರೆಯುವುದು ಲುಕೀಯೊ ಅಂತ. ಊರ ಮುಂದೆ ಅಟ್ಲಾಂಟಿಕ್ ಸಮುದ್ರ, ಬೆನ್ನಿಗೆ ಎಲ್ ಯುಂಕೆ ಬೆಟ್ಟದ ಕಾಡು. ನಡುವೆ ಒಂದು ಚೌಕ, ಒಂದಿಷ್ಟು ಬಣ್ಣ ಮಾಸಿದ ಮನೆಗಳು, ಬೀದಿಯಲ್ಲಿ ಯಾರದೋ ಕೋಳಿ. ಬೀಚಿನಲ್ಲಿ ನಿಂತು ತಿರುಗಿದರೆ ತೆಂಗಿನ ಮರಗಳ ಮೇಲೆ ಬೆಟ್ಟ ಕಾಣುತ್ತದೆ, ಆದರೆ ತುದಿ ಕಾಣುವುದಿಲ್ಲ. ಅದು ಯಾವಾಗಲೂ ಮೋಡದೊಳಗೆ.

ಇಲ್ಲಿ ನನ್ನ ಊರಿನ ವಿಷಯ ಹೇಳಬೇಕು. ನಾನು ತೀರ್ಥಹಳ್ಳಿ ಕಡೆಯವಳು. ಗಂಡ ಕಲಬುರಗಿಯವನು. ಮಳೆ ವಿಷಯದಲ್ಲಿ ಅವನನ್ನು ಆಡಿಕೊಳ್ಳುವುದು ನನ್ನ ಹಳೇ ಚಟ. ಎಲ್ ಯುಂಕೆಯ ಎತ್ತರದ ಜಾಗಗಳಲ್ಲಿ ವರ್ಷಕ್ಕೆ 200 ಇಂಚಿನ ಆಸುಪಾಸು ಮಳೆ ಬೀಳುತ್ತದೆ ಅಂತ ಅವನು ಗಾಬರಿಯಿಂದ ಓದಿ ಹೇಳಿದಾಗ, ನಮ್ಮ ಆಗುಂಬೆಯಲ್ಲಿ 300 ಇಂಚು, ಸುಮ್ನೆ ಕಾರು ಓಡಿಸು ಅಂದೆ. ಅಮೆರಿಕದ ಫಾರೆಸ್ಟ್ ಸರ್ವಿಸ್ ಕೈಯಲ್ಲಿರುವ ರಾಷ್ಟ್ರೀಯ ಅರಣ್ಯಗಳಲ್ಲಿ ಉಷ್ಣವಲಯದ ಮಳೆಕಾಡು ಇದೊಂದೇ ಅಂತೆ. ಇರಲಿ, ನನಗೆ ಮಳೆಕಾಡು ತೋರಿಸಲಿಕ್ಕೆ ಹೊರಟಿದ್ದಾರಾ ಅನ್ನುವ ಜಂಬ ಒಳಗೆ.

ಮರುದಿನ ಬೆಳಿಗ್ಗೆ ಬೇಗ ಎದ್ದು ಹೊರಟೆವು. ಪಾಮರ್ ಅನ್ನುವ ಹಳ್ಳಿಯಲ್ಲಿ ಹೆದ್ದಾರಿ ಬಿಟ್ಟು 191ನೇ ರಸ್ತೆಗೆ ತಿರುಗಿದರೆ ಘಾಟಿ ಶುರು. ನಿಜ ಹೇಳುತ್ತೇನೆ, ಎರಡು ತಿರುವು ಹತ್ತುವಷ್ಟರಲ್ಲಿ ನನ್ನ ಜಂಬಕ್ಕೆ ಬೇರೇನೋ ಆಗಿತ್ತು. ಬಿದಿರು ರಸ್ತೆಗೆ ಬಾಗಿದೆ. ಪಾಚಿ ಕಟ್ಟಿದ ಕಲ್ಲಿನ ಕಟ್ಟೆ. ಮಣ್ಣಿನ ವಾಸನೆ ಥೇಟ್ ನಮ್ಮದೇ. ಕಿಟಕಿ ಇಳಿಸಿ ಸುಮ್ಮನೆ ಕೂತೆ. ನ್ಯೂಜೆರ್ಸಿಗೆ ಬಂದು ಒಂಬತ್ತು ವರ್ಷ, ಆ ವಾಸನೆ ಇಷ್ಟು ಹತ್ತಿರ ಬಂದಿದ್ದು ಅದೇ ಮೊದಲು.

ಈ ಮಳೆಯ ರೀತಿ ಮಾತ್ರ ಬೇರೆ. ನಮ್ಮಲ್ಲಿ ಗಾಳಿ ನೈರುತ್ಯದಿಂದ ಬಂದು ಸಹ್ಯಾದ್ರಿಗೆ ಬಡಿದರೆ ನಾಲ್ಕು ತಿಂಗಳು ಜಡಿಮಳೆ, ಆಮೇಲೆ ಆಕಾಶ ಬಾಗಿಲು ಹಾಕುತ್ತದೆ. ಅಲ್ಲಿ ಅಟ್ಲಾಂಟಿಕ್ ಕಡೆಯಿಂದ ಮೂಡಣ ಗಾಳಿ ವರ್ಷವಿಡೀ ಬೀಸುತ್ತದೆ, ಬೆಟ್ಟಕ್ಕೆ ಬಡಿದು ಮೇಲೇರಿ ದಿನಕ್ಕೆ ಎಷ್ಟೋ ಸಲ ಸುರಿಯುತ್ತದೆ. ಹತ್ತು ನಿಮಿಷ ಮಳೆ, ಹತ್ತು ನಿಮಿಷ ಬಿಸಿಲು. ರೇನ್‌ಕೋಟ್ ಹಾಕಿ ತೆಗೆದು ಹಾಕಿ ಸಾಕಾಗಿ ಕೊನೆಗೆ ಬಿಟ್ಟೇ ಬಿಟ್ಟೆವು. ನಮ್ಮ ಹಾಗೆ ಮಳೆಗಾಲ ಅಂತ ಕಾದು ಕೂರುವ ಸಂಭ್ರಮ ಅವರಿಗಿಲ್ಲ.

ಮೊದಲು ಸಿಕ್ಕಿದ್ದು ಲಾ ಕೋಕಾ ಜಲಪಾತ. ರಸ್ತೆಯ ಪಕ್ಕದಲ್ಲೇ, ಕರಿ ಬಂಡೆಯ ಮೇಲಿಂದ 85 ಅಡಿ ಜಾರಿಕೊಂಡು ಬರುತ್ತದೆ. ಕಾರು ನಿಲ್ಲಿಸಿದರೆ ಮುಗಿಯಿತು, ನಡೆಯುವ ಕೆಲಸವೇ ಇಲ್ಲ. ಜನ ಒಬ್ಬರಾದ ಮೇಲೊಬ್ಬರು ಫೋಟೊ ತೆಗೆಸಿಕೊಂಡು ಹೋಗುತ್ತಿದ್ದರು. ನನಗೆ ಸ್ವಲ್ಪ ಸಪ್ಪೆ ಅನ್ನಿಸಿತು. ನಾವು ನೋಡಬೇಕೆಂದುಕೊಂಡಿದ್ದು ಲಾ ಮೀನಾ ಜಲಪಾತ, ಅದರ ದಾರಿ ಅವತ್ತು ಮುಚ್ಚಿತ್ತು. ಯೊಕಾಹು ಗೋಪುರ ಹತ್ತಿದೆವು, ಹೆಸರು ದ್ವೀಪದ ಮೂಲ ಜನ ತಾಯ್ನೊಗಳ ದೇವರದು. ಮೇಲಿಂದ ಕೆಳಗೆ ಲುಕೀಯೊ, ಸಮುದ್ರ, ಈ ಕಡೆ ಹಸಿರು. 2017ರ ಸೆಪ್ಟೆಂಬರ್ 20ರಂದು ಮರಿಯಾ ಚಂಡಮಾರುತ ಬಂದಾಗ ಈ ಕಾಡಿನ ಎಲೆಯನ್ನೆಲ್ಲ ಕಿತ್ತುಹಾಕಿ ಬೆಟ್ಟ ಕಂದು ಬಣ್ಣಕ್ಕೆ ತಿರುಗಿತ್ತಂತೆ. ಗೋಪುರದ ಮೇಲೆ ನಿಂತವರಿಗೆ ಯಾರೂ ಹೇಳದಿದ್ದರೆ ಅದು ಗೊತ್ತಾಗುವುದೇ ಇಲ್ಲ.

ಕಾಡಿನ ದಾರಿಗೆ ಇಳಿದ ಮೇಲೆ ನಾನು ಹತ್ತು ಹೆಜ್ಜೆಗೊಮ್ಮೆ ಬಗ್ಗಿ ಕಾಲು ನೋಡಿಕೊಳ್ಳುತ್ತಿದ್ದೆ. ಮಗಳ ಸಾಕ್ಸನ್ನು ಪ್ಯಾಂಟಿನ ಮೇಲೆ ಎಳೆದಿದ್ದೆ. ಏನಮ್ಮ ಹುಡುಕ್ತಿದೀಯಾ ಅಂದಳು. ಇಂಬಳ ಅಂದೆ, ರಕ್ತ ಹೀರುವ ಜಿಗಣೆ. ಮಲೆನಾಡಿನವರಿಗೆ ಒದ್ದೆ ತರಗೆಲೆ ಕಂಡರೆ ಕಣ್ಣು ತಾನಾಗಿ ಪಾದಕ್ಕೆ ಹೋಗುತ್ತದೆ, ಅಲ್ವಾ? ಜೇಬಿನಲ್ಲಿ ಉಪ್ಪಿನ ಪೊಟ್ಟಣವೂ ಇತ್ತು, ಗಂಡನಿಗೆ ಹೇಳಿರಲಿಲ್ಲ. ಆದರೆ ಅಲ್ಲಿ ಇಂಬಳ ಇಲ್ಲ. ನಮ್ಮ ಥರದ ನೆಲದ ಇಂಬಳ ಆ ಕಡೆಯದ್ದೇ ಅಲ್ಲ. ಹುಲಿ, ಕಾಡುಕೋಣ, ಮಂಗ ಯಾವುದೂ ಇಲ್ಲ. ದ್ವೀಪದಲ್ಲಿ ಈಗ ಉಳಿದಿರುವ ಸ್ವಂತ ನೆಲದ ಸಸ್ತನಿ ಅಂದರೆ ಬಾವಲಿ ಮಾತ್ರ. ಇಷ್ಟು ದಟ್ಟ ಕಾಡಿನಲ್ಲಿ ಭಯಪಡಲಿಕ್ಕೆ ಏನೂ ಇಲ್ಲ ಅಂದರೆ ಏನೋ ಉಪ್ಪಿಲ್ಲದ ಸಾರಿನ ಹಾಗೆ.

ಭಯಪಡಲಿಕ್ಕೆ ಇರುವುದು ಯಾವುದು ಗೊತ್ತಾ? ಮುಂಗುಸಿ! ಕಾರು ನಿಲ್ಲಿಸುವ ಜಾಗದಲ್ಲಿ ಒಂದು ಸರಕ್ಕನೆ ದಾಟಿತು. ಒಳ್ಳೇ ಶಕುನ ಅಂತ ನಾನು ಖುಷಿಯಲ್ಲಿ ಕೈ ಮುಗಿಯುವಷ್ಟರಲ್ಲಿ ಗಂಡ ಬೋರ್ಡು ತೋರಿಸಿದ. ಅದರ ಹತ್ತಿರ ಹೋಗಬೇಡಿ, ರೇಬಿಸ್ ಇರಬಹುದು ಅಂತ ಬರೆದಿದೆ. ಆಮೇಲೆ ಓದಿದರೆ ಅದು ನಮ್ಮದೇ ಮುಂಗುಸಿ. ಕಬ್ಬಿನ ಗದ್ದೆಯಲ್ಲಿ ಇಲಿ ಹಿಡಿಯಲಿ ಅಂತ 1872ರಲ್ಲಿ ಕಲ್ಕತ್ತದಿಂದ ಜಮೈಕಾಗೆ ತಂದರಂತೆ, ಅಲ್ಲಿಂದ ಬೇರೆ ದ್ವೀಪಗಳಿಗೆ. ಇಲಿ ಓಡಾಡುವುದು ರಾತ್ರಿ, ಮುಂಗುಸಿ ಓಡಾಡುವುದು ಹಗಲು. ಹಾಗಾಗಿ ಇಲಿ ಉಳಿಯಿತು, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳಿಗೆ ಕುತ್ತು ಬಂತು. ಸ್ಪ್ಯಾನಿಷ್‌ನಲ್ಲಿ ಅದಕ್ಕೆ ಮಂಗೋಸ್ತಾ ಅನ್ನುತ್ತಾರೆ, ಹೆಸರನ್ನೂ ಜೊತೆಗೇ ಒಯ್ದಿದೆ ಪಾಪ.

ಮಧ್ಯಾಹ್ನ ಹುವಾನ್ ದಿಯೆಗೊ ಅನ್ನುವ ಹಳ್ಳಕ್ಕೆ ಹೋದೆವು. ರಸ್ತೆಯಿಂದ ಸ್ವಲ್ಪವೇ ನಡೆದರೆ ಒಂದು ಚಿಕ್ಕ ಜಲಪಾತ, ಕೆಳಗೆ ಮೊಣಕಾಲುದ್ದದ ಗುಂಡಿ. ನಮ್ಮ ಜೋಗದ ಮುಂದೆ ಇದು ನಲ್ಲಿ ನೀರು, ಆದರೆ ಮಕ್ಕಳಿಗೆ ಹೇಳಿ ಮಾಡಿಸಿದ ಜಾಗ. ಅಲ್ಲೇ ಒಂದು ಸ್ಥಳೀಯ ಕುಟುಂಬ ಇತ್ತು, ಅಜ್ಜಿಯಿಂದ ಹಿಡಿದು ಮೊಮ್ಮಕ್ಕಳವರೆಗೆ. ಮಗಳು ಅವರ ಜೊತೆ ನೀರಿಗಿಳಿದಳು. ನಾನು ಬಂಡೆಯ ಮೇಲೆ ಕೂತು ಕಾಲು ಇಳಿಬಿಟ್ಟು ವಿಡಿಯೊ ಮಾಡುತ್ತಿದ್ದೆ.

ನಮ್ಮ ತಲೆ ಮೇಲೆ ಬಿಸಿಲೇ ಇತ್ತು. ಮೇಲೆ ಬೆಟ್ಟದ ಕಡೆ ಕಪ್ಪಾಗಿತ್ತು. ಹೋಗೋಣ ಅಂದ ಗಂಡ. ನಾನು ನಕ್ಕೆ. ಎರಡನೇ ಸಲ ಅಂದ. ಕಲಬುರಗಿಯವರಿಗೆ ಮೋಡ ಕಂಡರೂ ನೆಗಡಿ ಅಂದೆ. ಅಷ್ಟರಲ್ಲಿ ಆ ಅಜ್ಜಿ ಮಾತು ನಿಲ್ಲಿಸಿ ಎದ್ದು ನಿಂತು ನೀರನ್ನೇ ನೋಡಿತು, ಆಮೇಲೆ ಒಂದೇ ಕೂಗು, ಅವರ ಮಕ್ಕಳೆಲ್ಲ ಕಪ್ಪೆಗಳ ಹಾಗೆ ಹಾರಿ ದಡಕ್ಕೆ ಬಂದರು, ನನ್ನ ಮಗಳು ಮಾತ್ರ ಏನೂ ತಿಳಿಯದೆ ನಿಂತಿದ್ದಳು, ಅಜ್ಜಿ ಚಪ್ಪಲಿಯಲ್ಲೇ ನೀರಿಗಿಳಿದು ಅವಳ ರಟ್ಟೆ ಹಿಡಿದು ಎಳೆದುಕೊಂಡು ಬಂದಳು. ನನ್ನ ಕಡೆ ತಿರುಗಿ "ಗೋಲ್ಪೆ ದೆ ಆಗ್ವಾ" ಅಂದಳು. ನೀರಿನ ಹೊಡೆತ. ನನಗೆ ಬರುವ ಸ್ಪ್ಯಾನಿಷ್‌ನಲ್ಲಿ ಆಗ್ವಾ ಒಂದು ಸಾಕಾಯಿತು.

ಎದ್ದು ಹಿಂದೆ ಸರಿದು ನೋಡಿದೆ. ತಿಳಿಯಾಗಿದ್ದ ನೀರು ಚಹಾ ಬಣ್ಣಕ್ಕೆ ಬಂದಿತ್ತು. ತರಗೆಲೆ, ಕಡ್ಡಿ ತೇಲಿ ಬರುತ್ತಿದ್ದವು. ಐದು ನಿಮಿಷ ಆಗಿರಬಹುದು, ನಾನು ಕೂತಿದ್ದ ಬಂಡೆ ಕಾಣಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಅರ್ಧ ಗಂಟೆಯಲ್ಲಿ ನೀರು ಇಳಿಯುವುದಕ್ಕೂ ಶುರುವಾಯಿತು.

ನನ್ನನ್ನು ಕುಟುಕಿದ್ದು ಏನೆಂದರೆ, ಇದು ನನಗೆ ಗೊತ್ತಿದ್ದ ವಿಷಯ. ನಮ್ಮ ಮನೆಯ ಕೆಳಗಿನ ಹಳ್ಳಕ್ಕೆ ಹೋಗುವಾಗ ಅಪ್ಪ ಪ್ರತಿ ಸಲ ಹೇಳುತ್ತಿದ್ದ ಮಾತೇ ಅದು. ನೀರಿನ ಬಣ್ಣ ನೋಡು, ಎಲೆ ಬಂದರೆ ದಡ ಹತ್ತು, ಮಳೆ ನಿನ್ನ ತಲೆ ಮೇಲೇ ಬೀಳಬೇಕು ಅಂತಿಲ್ಲ, ಮೇಲೆಲ್ಲೋ ಬಿದ್ದಿರುತ್ತೆ. ಏಳು ವರ್ಷಕ್ಕೆ ಬಾಯಿಪಾಠ ಆಗಿತ್ತು. ಮೂವತ್ತೇಳಕ್ಕೆ ಫೋನು ಹಿಡಿದು ಕೂತಿದ್ದೆ. ಗಂಡ ಒಂದು ಮಾತೂ ಆಡಲಿಲ್ಲ, ಅದು ಇನ್ನೂ ಕಷ್ಟ. ಅಜ್ಜಿಗೆ ಕೈ ಮುಗಿದೆ. ಅವಳು ನಕ್ಕು ಮಗಳ ಕೈಗೆ ಒಂದು ಬಿಸ್ಕತ್ತು ಕೊಟ್ಟಳು.

ಸಂಜೆ ಲುಕೀಯೊದ ಕಿಯೊಸ್ಕೊಗಳಿಗೆ ಹೋದೆವು. ಹೆದ್ದಾರಿ ಪಕ್ಕ ಒಂದೇ ಸಾಲಿನಲ್ಲಿ ಸುಮಾರು ಅರವತ್ತು ಅಂಗಡಿ, ಎಲ್ಲದಕ್ಕೂ ನಂಬರು, ಹಿಂದೆ ಸಮುದ್ರ. ಎಲ್ಲ ಕಡೆ ಬಾಣಲೆ, ಎಣ್ಣೆ, ಜೋರು ಹಾಡು. ನಾವು ಸಸ್ಯಾಹಾರಿಗಳು, ಅದನ್ನು ಅಲ್ಲಿ ಅರ್ಥ ಮಾಡಿಸುವುದು ಒಂದು ಸಾಹಸ. ಮಾಂಸ ಬೇಡ ಅಂತ ಮೂರು ಸಲ ಹೇಳಿ ತರಿಸಿದ ಅನ್ನದಲ್ಲಿ ಹಂದಿ ಮಾಂಸದ ಚೂರು. ಆ ಅನ್ನದಲ್ಲಿದ್ದ ಕಾಳು ನೋಡಿ ಮಾತ್ರ ಗಂಡ ಕುರ್ಚಿಯಿಂದ ಅರ್ಧ ಎದ್ದ. ಗಂದೂಲೆಸ್ ಅಂತ ಹೆಸರು. ತೊಗರಿ! ಹಸಿ ತೊಗರಿ ಕಾಳು. ಭಾರತದಿಂದ ಆಫ್ರಿಕಕ್ಕೆ, ಅಲ್ಲಿಂದ ಗುಲಾಮರ ಹಡಗುಗಳ ಕಾಲದಲ್ಲಿ ಕೆರಿಬಿಯನ್‌ಗೆ ಹೋದ ಬೆಳೆ. ತೊಗರಿ ಕಣಜದಲ್ಲಿ ಹುಟ್ಟಿ ಬೆಳೆದವನು ತಟ್ಟೆ ಮುಂದಿದ್ದರೂ ಮುಟ್ಟುವ ಹಾಗಿಲ್ಲ. ನಮ್ಮೂರಲ್ಲಿ ಈಗ ಹಸಿ ಕಾಯಿ ಉಪ್ಪು ಹಾಕಿ ಕುದಿಸೋ ಟೈಮು ಅಂತ ಅಷ್ಟು ಹೊತ್ತು ಅದನ್ನೇ ಹೇಳಿದ. ಬೆಳಿಗ್ಗೆಯಿಂದ ಆಡಿದ್ದಕ್ಕಿಂತ ಜಾಸ್ತಿ ಮಾತು ಅದು.

ನಮ್ಮನ್ನು ಕಾಪಾಡಿದ್ದು ದೀವಿ ಹಲಸು, ಮಂಗಳೂರು ಕಡೆಯವರ ಜೀಗುಜ್ಜೆ. ಅಲ್ಲಿ ಪಾನಾ ಅನ್ನುತ್ತಾರೆ. ದಪ್ಪಗೆ ಹೆಚ್ಚಿ ಕರಿದು, ಒತ್ತಿ ಚಪ್ಪಟೆ ಮಾಡಿ, ಇನ್ನೊಮ್ಮೆ ಕರಿದು ಬೆಳ್ಳುಳ್ಳಿ ಜೊತೆ ಕೊಟ್ಟರು. ಮೂರು ತಟ್ಟೆ ಖಾಲಿ. ಸ್ವಲ್ಪ ಖಾರದ ಪುಡಿ ಇದ್ದಿದ್ದರೆ ಅನ್ನಿಸಿತು. ಜೇಬಲ್ಲಿ ಇದ್ದಿದ್ದು ಇಂಬಳದ ಉಪ್ಪು, ಅದನ್ನೇ ಉದುರಿಸಿಕೊಂಡೆವು.

ರೂಮಿಗೆ ಬಂದು ಸ್ನಾನ ಮುಗಿಸುವಷ್ಟರಲ್ಲಿ ದೀಪ ಆರಿತು. ಹೊರಗೆ ಮನೆಯೊಡತಿ "ಸೆ ಫ್ವೇ ಲಾ ಲೂಸ್" ಅಂತ ಪಕ್ಕದ ಮನೆಗೆ ಕೂಗಿದರು. ಬೆಳಕು ಹೋಯ್ತು ಅಂತ. ಕರೆಂಟ್ ಹೋಯ್ತು ಅನ್ನುವ ಧಾಟಿಯೇ, ಬೇಸರವೂ ಇಲ್ಲ ಆಶ್ಚರ್ಯವೂ ಇಲ್ಲ. ಮರಿಯಾ ಬಂದಾಗ ತಿಂಗಳುಗಟ್ಟಲೆ ಕತ್ತಲಲ್ಲಿದ್ದ ಜನ, ಒಂದು ರಾತ್ರಿ ಯಾವ ಲೆಕ್ಕ. ಫ್ಯಾನು ನಿಂತಿದ್ದೇ ತಡ, ಹೊರಗಿನ ಸದ್ದು ಒಳಗೆ ಬಂತು. ಕೊ-ಕೀ, ಕೊ-ಕೀ, ಸಾವಿರ ಕಡೆಯಿಂದ. ಹೆಬ್ಬೆರಳಿನಷ್ಟು ಗಾತ್ರದ ಕಪ್ಪೆ, ಅದರ ಹೆಸರೂ ಕೊಕೀ. ಗಂಡು ಮಾತ್ರ ಕೂಗುತ್ತದಂತೆ. ಕೊ ಅನ್ನುವುದು ಬೇರೆ ಗಂಡುಗಳಿಗೆ ಎಚ್ಚರಿಕೆ, ಕೀ ಅನ್ನುವುದು ಹೆಣ್ಣಿಗೆ ಕರೆ. ಅರ್ಧ ಜಗಳ, ಅರ್ಧ ಪ್ರೀತಿ.

ರಾತ್ರಿ ಎಂಟು, ಊರಲ್ಲಿ ಬೆಳಗಿನ ಜಾವ ಐದೂವರೆ. ಅಮ್ಮ ಎದ್ದಿರುತ್ತಾಳೆ ಅಂತ ಫೋನ್ ಮಾಡಿ ಕಿಟಕಿಗೆ ಹಿಡಿದೆ. ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಎಂಥ ಹಕ್ಕಿ ಅಂದಳು. ಕಪ್ಪೆ ಅಂದೆ. ಅಲ್ಲಿ ಮಳೆಯಾ ಅಂದಳು. ಹೂಂ, ಇಡೀ ದಿನ ಅಂದೆ. ಹಳ್ಳದ ವಿಷಯ ಹೇಳಬೇಕು ಅಂತ ಬಾಯಿ ತೆರೆದೆ, ಆಗಲಿಲ್ಲ.

"ಅಲ್ಲೇ ಇಟ್ಕ ಮಾರಾಯ್ತಿ, ಈ ಕಡೆ ಕಳಿಸ್ಬೇಡ" ಅಂದಳು ಅಮ್ಮ. "ಅಡಿಕೆ ಅಂಗಳದಲ್ಲಿದೆ."